ಆಂಗೌರಿ ಪಾಯಿಂಟ್‌ನಲ್ಲಿ ಜನ ಇಲ್ಲದ ಹೊತ್ತು ಯಾವುದು ಅಂತ ಕೇಳಿದವರಿಗೆ

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ಕರಾವಳಿಯ ಯಾಂಬಾ ಊರಲ್ಲಿ ಉಳಿದುಕೊಂಡು, ಜನ ಇಲ್ಲದ ಹೊತ್ತು ನೋಡಿ ಪಕ್ಕದ ಆಂಗೌರಿ ಪಾಯಿಂಟ್ ಅನ್ನೋ ಕಡಲಿಗೆ ಚಾಚಿದ ನೆಲದ ಬಂಡೆಗಳಿಗೆ ಇಳಿದು ಸರ್ಫಿಂಗ್ ಫೋಟೊ ತೆಗೀಬೇಕು, ಇರೋದು 200 ಎಂಎಂ ಲೆನ್ಸ್, ಆದಷ್ಟು ಹತ್ತಿರ ಹೋಗಬೇಕು ಅಂದಿದ್ದೀರಿ. ನಾನೂ ಅದೇ ಲೆಕ್ಕ ಹಾಕಿಕೊಂಡೇ ಹೋಗಿದ್ದೆ. ಗುರುತು ಎಡ ಅಂಗೈಯಲ್ಲಿ ಇವತ್ತಿಗೂ ಇದೆ.

ಜುಲೈ ತಿಂಗಳು, ಅಲ್ಲಿ ಚಳಿಗಾಲ. ಬ್ರಿಸ್ಬೇನ್‌ನಿಂದ ಮೂರು ಗಂಟೆ ಚಿಲ್ಲರೆ ದಾರಿ. ಹಿಂದಿನ ರಾತ್ರಿಯೇ ಯಾಂಬಾ ಸೇರಿ, ಬೆಳಿಗ್ಗೆ ಬೆಳಕು ಹರಿಯೋ ಹೊತ್ತಿಗೆ ಆಂಗೌರಿಯಲ್ಲಿದ್ದೆ. ಒಂದು ಮೋಡ ಇಲ್ಲ. ಗಾಳಿ ಪಶ್ಚಿಮದಿಂದ, ಅಂದರೆ ನೆಲದ ಕಡೆಯಿಂದ ಕಡಲ ಕಡೆಗೆ ಬೀಸುತ್ತಿತ್ತು. ಸರ್ಫರ್‌ಗಳು ಆಫ್‌ಶೋರ್ ಅಂತ ಕರೆಯೋ ಈ ಗಾಳಿಗೆ ನೀರಿನ ಮೇಲ್ಮೈ ಸಪಾಟಾಗುತ್ತೆ, ಸಣ್ಣ ಪುಟ್ಟ ತೆರೆಗಳೆಲ್ಲ ಅಡಗಿಬಿಡುತ್ತವೆ. ನೋಡೋಕೆ ಕೆರೆ. ಫೋನಿನಲ್ಲಿ ಅಲೆ 1.5 ಮೀಟರ್ ಅಂತ ಇತ್ತು. ನನ್ನ ಎದೆಮಟ್ಟಕ್ಕೂ ಸ್ವಲ್ಪ ಮೇಲೆ, ಅಷ್ಟೇ ತಾನೇ ಅಂದುಕೊಂಡೆ.

ಮೇಲೆ, ಕೇದಗೆ ಜಾತಿಯ ಗಿಡಗಳ ಪಕ್ಕ ನಾಲ್ಕಾರು ಜನ ಕಾಫಿ ಹಿಡಿದುಕೊಂಡು ಕಡಲನ್ನೇ ನೋಡುತ್ತ ನಿಂತಿದ್ದರು. ಯಾರೂ ಕೆಳಗೆ ಇಳಿದಿರಲಿಲ್ಲ. ಫ್ರೇಮಿಗೆ ಅಡ್ಡ ಬರೋರು ಇಲ್ಲ ಅಂತ ನನಗೆ ಖುಷಿಯೋ ಖುಷಿ. ನೀರಲ್ಲಿ ಸರ್ಫರ್‌ಗಳು ಬೋರ್ಡಿನ ಮೇಲೆ ಕಾಲು ಇಳಿಬಿಟ್ಟು ಸುಮ್ಮನೆ ಕೂತಿದ್ದರು. ಒಂದೈದು ನಿಮಿಷ ನೋಡಿದೆ. ನನ್ನ ಮುಂದಿನ ಬಂಡೆಯ ಅರ್ಧಕ್ಕೂ ನೀರು ಬರಲಿಲ್ಲ. ಇಳಿದೆ.

ಕೆಳಗೆ ಹೋಗಿ ಲೆನ್ಸ್ ಹಾಕಿ ನೋಡುತ್ತಿರುವಾಗ ಕೂತಿದ್ದವರೆಲ್ಲ ಒಟ್ಟಿಗೆ ಬೋರ್ಡಿನ ಮೇಲೆ ಬೋರಲು ಮಲಗಿ ಕಡಲಿನ ಕಡೆಗೆ ಕೈ ಬಡಿಯೋಕೆ ಶುರು ಮಾಡಿದರು. ದಡದ ಕಡೆಗಲ್ಲ, ಹೊರಗಡೆಗೆ. ಆಹಾ ಎಂಥ ದೃಶ್ಯ ಅಂತ ನಾನು ಫೋಕಸ್ ಮಾಡುತ್ತಾ ನಿಂತೆ. ಮೊದಲನೇ ಅಲೆ ಬೂಟು ತೋಯಿಸಿತು. ಎರಡನೆಯದು ಮೊಣಕಾಲು ಮುಟ್ಟಿತು. ಮೂರನೆಯದು ಬಂದಿದ್ದನ್ನು ನಾನು ನೋಡಲೇ ಇಲ್ಲ, ಕಣ್ಣು ವ್ಯೂಫೈಂಡರ್‌ನಲ್ಲಿತ್ತು. ಎತ್ತಿ ಹಿಂದಿನ ಬಂಡೆಗೆ ಕುಕ್ಕಿತು, ವಾಪಸ್ ಹೋಗುವಾಗ ಎಳೆದುಕೊಂಡು ಹೊರಟಿತು. ಕೈಗೆ ಸಿಕ್ಕಿದ್ದನ್ನು ತಬ್ಬಿಕೊಂಡೆ. ಸಿಕ್ಕಿದ್ದು ಬಾರ್ನಕಲ್, ಅಂದರೆ ಬಂಡೆಗೆ ಅಂಟಿಕೊಂಡು ಬದುಕೋ ಚೂಪು ಚಿಪ್ಪಿನ ಕಡಲಜೀವಿಗಳು, ಮೆತ್ತಿಕೊಂಡಿದ್ದ ಕಲ್ಲು. ತುರಿಮಣೆಗೆ ಕೈ ಕೊಟ್ಟ ಹಾಗಾಯಿತು. ಬೋರ್ಡ್ ಹಿಡಿದು ಕೆಳಗೆ ಬರುತ್ತಿದ್ದ ಹೆಂಗಸೊಬ್ಬಳು ಜಾಕೆಟ್ಟಿನ ಕಾಲರ್ ಹಿಡಿದು ಮೇಲಕ್ಕೆ ಎಳೆದಳು. ಬೈಯಲೂ ಇಲ್ಲ. ಕ್ಯಾಮೆರಾ, ಲೆನ್ಸ್, ಕಾರಿನ ಕೀ ಮೂರೂ ಸಮುದ್ರಪಾಲು.

ನನ್ನ ತಪ್ಪು ಬಂಡೆಗೆ ಇಳಿದದ್ದಲ್ಲ, ಐದು ನಿಮಿಷ ನೋಡಿ ತೀರ್ಮಾನ ಮಾಡಿದ್ದು. ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಬೇಜಾರಾದರೂ ಓದಿ.

ಅಲೆಗಳು ಸಮವಾಗಿ ಬರೋದಿಲ್ಲ. ದೂರದ ಬಿರುಗಾಳಿಯಲ್ಲಿ ಹುಟ್ಟಿ ದಡದವರೆಗೂ ಸಾಗಿ ಬರೋ ಅಲೆಗಳಿಗೆ ಸ್ವೆಲ್ ಅಂತಾರೆ, ಅದರಲ್ಲಿ ಸ್ವಲ್ಪ ಸ್ವಲ್ಪವೇ ಬೇರೆ ಉದ್ದದ ಅಲೆಗಳು ಬೆರೆತಿರುತ್ತವೆ. ಅವು ಒಂದರ ಮೇಲೊಂದು ಸರಿಯಾಗಿ ಕೂತಾಗ ದೊಡ್ಡ ಅಲೆಗಳ ಗುಂಪು, ಅದೇ ಸೆಟ್. ಒಂದನ್ನೊಂದು ಕಡಿದುಕೊಂಡಾಗ ಏನೂ ಇಲ್ಲದ ಬಿಡುವು. ಕೆಲವು ದಿನ ಈ ಬಿಡುವು ಹತ್ತು ಹದಿನೈದು ನಿಮಿಷ ಎಳೆಯುತ್ತೆ. ನಾನು ನೋಡಿದ ಐದು ನಿಮಿಷ ಪೂರ್ತಿ ಬಿಡುವಿನೊಳಗೇ ಇತ್ತು. ಸರ್ಫರ್‌ಗಳು ಸುಮ್ಮನೆ ಕೂತಿದ್ದು ಅಲೆ ಇಲ್ಲ ಅಂತಲ್ಲ, ಸೆಟ್‌ಗೆ ಕಾಯುತ್ತಾ. ಅವರು ಹೊರಗಡೆಗೆ ಕೈ ಬಡಿದಿದ್ದು, ದೊಡ್ಡದು ಬರುತ್ತಿದೆ, ಅದು ಒಡೆಯೋ ಮೊದಲು ದಾಟಬೇಕು ಅಂತ. ಆ ಹೊತ್ತಿಗೆ ನಾನು ಮೇಲಕ್ಕೆ ಓಡಬೇಕಿತ್ತು.

ಇನ್ನು ಆ 1.5 ಮೀಟರ್. ಮುನ್ಸೂಚನೆಯಲ್ಲಿ ಕೊಡೋದು ಗರಿಷ್ಠ ಎತ್ತರ ಅಲ್ಲ. ಅಲೆಗಳಲ್ಲಿ ದೊಡ್ಡ ಮೂರನೇ ಒಂದು ಪಾಲಿನ ಸರಾಸರಿ ಅದು. ಆಗೊಮ್ಮೆ ಈಗೊಮ್ಮೆ ಅದರ ಎರಡರಷ್ಟು ಎತ್ತರದ ಅಲೆಯೂ ಬರುತ್ತೆ ಅಂತಲೇ ಲೆಕ್ಕ. ಪಕ್ಕದಲ್ಲಿ 14 ಸೆಕೆಂಡ್ ಅಂತಲೂ ಇತ್ತು, ಅದರ ಕಡೆ ನಾನು ತಿರುಗಿಯೂ ನೋಡಿರಲಿಲ್ಲ. ಅದು ಪೀರಿಯಡ್, ಒಂದು ಅಲೆಗೂ ಇನ್ನೊಂದಕ್ಕೂ ನಡುವಿನ ಸಮಯ. ಆಳ ನೀರಿನಲ್ಲಿ 8 ಸೆಕೆಂಡಿನ ಅಲೆಯ ಉದ್ದ, ಅಂದರೆ ಒಂದು ಅಲೆಯ ನೆತ್ತಿಯಿಂದ ಮುಂದಿನದರ ನೆತ್ತಿಗೆ ಇರೋ ದೂರ, ಸುಮಾರು 100 ಮೀಟರ್, 14 ಸೆಕೆಂಡಿನದ್ದು ಸುಮಾರು 300. ಎತ್ತರ ಒಂದೇ ಆದರೂ ಉದ್ದನೆಯದು ಹೊತ್ತು ತರೋ ನೀರು, ಬಲ ಎರಡೂ ಬೇರೆಯೇ. ಆಳ ಕಡಿಮೆ ಆದ ಹಾಗೆ ಅದು ಹೆಚ್ಚು ಎದ್ದು ನಿಲ್ಲುತ್ತೆ, ಬಂಡೆ ಮೇಲೆ ಹೆಚ್ಚು ದೂರ ಹತ್ತುತ್ತೆ. ಆಂಗೌರಿ ಸರ್ಫರ್‌ಗಳಿಗೆ ಇಷ್ಟ ಆಗೋದೇ ಇಂಥ ದಿನ. ಮೇಲಾಗಿ ಭರತ ಏರುತ್ತಿತ್ತು, ಅದನ್ನೂ ನೋಡಿರಲಿಲ್ಲ.

ಬಂಡೆಯೇ ಹೇಳುತ್ತಿತ್ತು, ಓದೋಕೆ ನನಗೆ ಬರಲಿಲ್ಲ ಅಷ್ಟೇ. ಬಾರ್ನಕಲ್ ಇರೋ ಕಡೆ ನೀರು ದಿನಾ ಬರುತ್ತೆ. ಅದಕ್ಕೂ ಮೇಲೆ ಬಿರುಕುಗಳಲ್ಲಿ ಬೂದು-ನೀಲಿ ಬಣ್ಣದ, ಉಗುರಿಗಿಂತ ಚಿಕ್ಕ ಬಸವನಹುಳುಗಳು ಗುಂಪಾಗಿ ಅಂಟಿಕೊಂಡಿರುತ್ತವೆ. ಅವಿದ್ದಲ್ಲಿವರೆಗೂ ಕಡಲಿನ ಸಿಂಪರಣೆ ತಲುಪುತ್ತೆ ಅಂತ ಅರ್ಥ. ನಾನು ನಿಂತಿದ್ದು ಆ ಹುಳುಗಳಿಗಿಂತಲೂ ಕೆಳಗೆ.

ಈಗ ನಿಮ್ಮ ಪ್ರಶ್ನೆ. ಜನ ಇಲ್ಲದ ಹೊತ್ತು ಹುಡುಕಲೇಬೇಡಿ. ಅಲ್ಲಿ ಜನರೇ ನಿಮಗೆ ಮಾಹಿತಿ. ಮೇಲೆ ನಿಂತವರು ಯಾಕೆ ಕೆಳಗೆ ಇಳಿದಿಲ್ಲ, ನೀರಲ್ಲಿರೋರು ಯಾವ ಕಡೆ ಹೊರಟರು, ಇದನ್ನು ನೋಡಿಕೊಂಡು ನಡೆಯೋದು ಯಾವ ಆ್ಯಪ್‌ಗಿಂತಲೂ ಮೇಲು. ಒಂಟಿಯಾಗಿ ಇಳಿದು ಬಿದ್ದರೆ ಎಳೆಯೋಕೆ ಯಾರೂ ಇರಲ್ಲ. ಪಾಯಿಂಟ್‌ನಲ್ಲಿ ಬೀಚಿನ ಹಾಗೆ ಕೆಂಪು ಹಳದಿ ಬಾವುಟ ನೆಟ್ಟು ಕಾಯೋರೂ ಇಲ್ಲ. ಜನ ಬೇಡವೇ ಬೇಡ ಅನ್ನೋದಾದರೆ ಪಾಯಿಂಟ್ ಬಿಟ್ಟು ದಕ್ಷಿಣಕ್ಕೆ ಯುರೇಗಿರ್ ರಾಷ್ಟ್ರೀಯ ಉದ್ಯಾನದ ಕರಾವಳಿ ದಾರಿ ಹಿಡಿಯಿರಿ. ರೆಡ್ ರಾಕ್‌ವರೆಗೆ ಸುಮಾರು 65 ಕಿಲೋಮೀಟರ್ ಇದೆ, ಬೇಕಾದಷ್ಟು ನಡೆದು ತಿರುಗಿ ಬನ್ನಿ. ಅದೃಷ್ಟ ಇದ್ದರೆ ಎಮು ಕಾಣುತ್ತೆ. ಚಳಿಗಾಲದಲ್ಲಾದರೆ ಉತ್ತರಕ್ಕೆ ಹೋಗೋ ತಿಮಿಂಗಿಲಗಳೂ.

ಅಲ್ಲೇ ಇರೋ ಬ್ಲೂ ಪೂಲ್, ಗ್ರೀನ್ ಪೂಲ್ ಬಗ್ಗೆಯೂ ನಿಮಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಕ್ಲಾರೆನ್ಸ್ ನದಿ ಬಾಯಿಯ ತಡೆಗೋಡೆಗೆ ಕಲ್ಲು ತೆಗೆದ ಹಳೇ ಕ್ವಾರಿಗಳು ಅವು, ಸಿಹಿನೀರು ತುಂಬಿಕೊಂಡಿದೆ, ಕಡಲು ಅಲ್ಲಿಂದ ಕೂಗಳತೆ. ಮೇಲಿಂದ ಹಾರೋ ಹುಡುಗರನ್ನು ನೋಡಿ ನೀವೂ ಹಾರಬೇಡಿ. ನೀರಿನಲ್ಲಿ ಪಾಚಿ ಇದೆ ಅನ್ನೋ ಬೋರ್ಡ್ ಹಾಕಿದ್ದರೆ ಕಾಲೂ ಇಡಬೇಡಿ. ಮಕ್ಕಳು ಜೊತೆಗಿದ್ದರೆ ಯಾಂಬಾ ಮೇನ್ ಬೀಚಿನ ದಕ್ಷಿಣ ತುದಿಯಲ್ಲಿರೋ ಈಜುಕೊಳ ಎಷ್ಟೋ ವಾಸಿ.

ಆಂಗೌರಿ 2007ರಲ್ಲೇ ನ್ಯಾಷನಲ್ ಸರ್ಫಿಂಗ್ ರಿಸರ್ವ್, ಅಂದರೆ ಸರ್ಫಿಂಗ್‌ಗೆ ಹೆಸರಾದ ತಾಣ ಅಂತ ಘೋಷಣೆ ಆಗಿರೋ ಜಾಗ, ಅಲ್ಲಿನವರಿಗೆ ಅದರ ಮೇಲೆ ವಿಪರೀತ ಅಭಿಮಾನ. ಅವರು ನೀರಿಗೆ ಇಳಿಯೋ ಕಲ್ಲಿನ ಸಂದಿಯಲ್ಲಿ ಟ್ರೈಪಾಡ್ ಊರಿ ನಿಂತರೆ ಬೈಸಿಕೊಳ್ಳುತ್ತೀರಿ, ಬೈಸಿಕೊಳ್ಳಬೇಕಾದ್ದೇ.

ಫೋಟೊ ಮೇಲಿಂದಲೇ ತೆಗೆಯಿರಿ. ಎತ್ತರದಿಂದ ಸೆಟ್‌ನ ಸಾಲುಗಳು ಒಂದರ ಹಿಂದೊಂದು ಕಾಣುತ್ತವೆ, ಬಂಡೆ ಮೇಲೆ ನಿಂತರೆ ಮುಂದಿನ ಒಂದೇ ಅಲೆ ಎಲ್ಲ ಮುಚ್ಚಿಬಿಡುತ್ತೆ. ಬೆಳಿಗ್ಗೆ ಸೂರ್ಯ ಕಡಲ ಕಡೆಯಿಂದ ಬರೋದರಿಂದ ಸರ್ಫರ್‌ಗಳು ಕಪ್ಪು ನೆರಳಾಗುತ್ತಾರೆ. ಮಧ್ಯಾಹ್ನದ ನಂತರ ಬೆಳಕು ನಿಮ್ಮ ಬೆನ್ನ ಹಿಂದಿಂದ ಬೀಳುತ್ತೆ, ನೀರಿನ ಹಸಿರು ಆಗಲೇ ಚೆನ್ನಾಗಿ ಬರೋದು. ಬೇಸಿಗೆಯಾದರೆ ಅಷ್ಟೊತ್ತಿಗೆ ಈಶಾನ್ಯದ ಗಾಳಿ ಎದ್ದು ಅಲೆ ಕೆಡಿಸಿರುತ್ತೆ, ಹಾಗಾಗಿ ರಜೆ ಜೂನ್, ಜುಲೈಗೆ ತಳ್ಳೋಕೆ ಆಗುತ್ತಾ ನೋಡಿ. 200 ಎಂಎಂ ಸಾಲಲ್ಲ ಅನಿಸಿದರೆ 400ರ ಲೆನ್ಸ್ ಎರಡು ದಿನಕ್ಕೆ ಬಾಡಿಗೆಗೆ ತಗೊಳ್ಳಿ. ನಾನು ಕಳೆದುಕೊಂಡಿದ್ದರ ಮುಂದೆ ಆ ಬಾಡಿಗೆ ಏನೇನೂ ಅಲ್ಲ.