ಗಪ್ಪಿ ಮರಿಗಳು ಎರಡು ತಿಂಗಳಾದರೂ ಬೆಳೆದಿಲ್ಲ, ಯಾವ ಫುಡ್ ಹಾಕಿದರೆ ಬೇಗ ಬೆಳೆಯುತ್ತವೆ?

ಫುಡ್ ಬದಲಿಸಬೇಡಿ. ಊರು ಸಕಲೇಶಪುರ ಅಂದಿರಿ, ಜೂನ್‌ನಲ್ಲಿ ಹುಟ್ಟಿದ ಮರಿ ಅಂದಿರಿ, ಬಾವಿ ನೀರು ಅಂದಿರಿ. ನನಗೆ ಅಷ್ಟು ಸಾಕು. ನಾನು ಮೂಡಿಗೆರೆಯವನು. ನಿಮ್ಮ ಮಳೆ, ನಮ್ಮ ಮಳೆ ಬೇರೆ ಅಲ್ಲ. ನಾನೂ ಒಂದು ಕಾಲದಲ್ಲಿ ಮೀನಿನ ಅಂಗಡಿಯಲ್ಲಿ ನಿಂತು "ಜಾಸ್ತಿ ಪ್ರೋಟೀನ್ ಇರೋದು ಕೊಡಿ" ಅಂತ ಡಬ್ಬಿ ಮೇಲೆ ಡಬ್ಬಿ ತಂದವನೇ.

ನನಗೆ ಗಪ್ಪಿ ಹುಚ್ಚು ಹತ್ತಿಸಿದ್ದು ಅರಸೀಕೆರೆಯ ಗೆಳೆಯ. ಅವನ ಮನೆ ಹಿಂದೆ ಒಂದು ಸಿಮೆಂಟ್ ತೊಟ್ಟಿ. ಹೀಟರ್ ಇಲ್ಲ, ಫಿಲ್ಟರ್ ಇಲ್ಲ. ಬೋರ್‌ವೆಲ್ ನೀರು, ಮೇಲೆ ಬಿಸಿಲು, ಗೋಡೆ ತುಂಬ ಪಾಚಿ. ಎರಡು ಮೂರು ತಿಂಗಳಿಗೆಲ್ಲ ಅವನ ಮರಿಗಳು ಬಾಲ ಬಿಚ್ಚಿಕೊಂಡು ಓಡಾಡುತ್ತಿದ್ದವು. "ಗಪ್ಪಿಗೆ ಏನೂ ಮಾಡೋದು ಬೇಡ ಕಣೋ, ಸುಮ್ನೆ ಬಿಟ್ಟುಬಿಡು" ಅಂದ. ಅವನು ಹೇಳಿದ್ದು ಸುಳ್ಳಲ್ಲ. ಅರಸೀಕೆರೆಗೆ ಅದು ನಿಜ. ಅಲ್ಲಿನ ಬೋರ್ ನೀರು ಬಕೆಟ್‌ಗೆ ಬಿಳಿ ಕಲೆ ಕಟ್ಟುವಷ್ಟು ಗಡಸು. ನಮ್ಮ ಬಾವಿ ನೀರಿನಲ್ಲಿ ಸೋಪು ಹಚ್ಚಿದರೆ ಜಾರುವುದೇ ನಿಲ್ಲುವುದಿಲ್ಲ, ಅಷ್ಟು ಮೃದು. ಒಂದೇ ಜಿಲ್ಲೆಯಾದರೂ ಅರಸೀಕೆರೆಯ ಬುದ್ಧಿಮಾತು ಸಕಲೇಶಪುರಕ್ಕೂ ಒಗ್ಗುವುದಿಲ್ಲ.

ನಾನು ಅದರ ಮೇಲೆ ಇನ್ನೂ ಒಂದು ಜಾಣತನ ಮಾಡಿದೆ. ಬಾವಿ ನೀರು ಮಳೆಗೆ ಕದಡಿತ್ತು. ಹಂಚಿನ ಮೇಲಿಂದ ಇಳಿಯುವ ಮಳೆ ನೀರನ್ನು ಡ್ರಮ್ಮಿಗೆ ಹಿಡಿದು ತೊಟ್ಟಿಗೆ ಹಾಕಿದೆ. ಮಳೆ ನೀರಿಗಿಂತ ಶುದ್ಧ ಇನ್ನೇನಿದೆ ಅನ್ನುವ ಲೆಕ್ಕ. ಶುದ್ಧ ಹೌದು, ಆದರೆ ಅದರಲ್ಲಿ ಖನಿಜ ಅನ್ನುವುದು ಹೆಚ್ಚುಕಮ್ಮಿ ಸೊನ್ನೆ. ಮರಿಗಳು ಮೊದಲು ಸ್ವಲ್ಪ ಬೆಳೆದವು. ಆಮೇಲೆ ನಿಂತವು. ಸಾಯುತ್ತಲೂ ಇರಲಿಲ್ಲ, ಬೆಳೆಯುತ್ತಲೂ ಇರಲಿಲ್ಲ. ಹಸಿವೆಯೇನೋ ಅಂತ ನಾನು ಇನ್ನಷ್ಟು ಹಾಕಿದೆ. ಮೊಟ್ಟೆಯ ಹಳದಿ ಹಾಕಿದೆ. ನೀರು ಹಾಲಿನ ಹಾಗೆ ಆಯಿತು. ಮರಿಗಳಿಗೆ ಗಾಬರಿ ಆಗುತ್ತದೆ ಅಂತ ನೀರು ಬದಲಿಸಲಿಲ್ಲ, ಕಡಿಮೆ ಆದಷ್ಟು ಮಾತ್ರ ಮೇಲಿಂದ ತುಂಬಿಸಿದೆ.

ಕೊನೆಗೆ ಹನಿ ಹಾಕಿ ನೋಡುವ ಟೆಸ್ಟ್ ಕಿಟ್ ತರಿಸಿದೆ. ಪಿಎಚ್ ಅಂದರೆ ನೀರು ಎಷ್ಟು ಆಮ್ಲ ಅನ್ನುವ ಅಳತೆ, 7ಕ್ಕಿಂತ ಇಳಿದಷ್ಟೂ ಆಮ್ಲ ಜಾಸ್ತಿ. ನನ್ನದು ಪಿಎಚ್ 6, ಆ ಕಿಟ್ ತೋರಿಸುವ ಕೊನೆಯ ಬಣ್ಣ. ಅಸಲಿಗೆ ಅದಕ್ಕಿಂತ ಕೆಳಗೇ ಇದ್ದಿರಬೇಕು. ಗಪ್ಪಿಗೆ 7ರಿಂದ 8 ಬೇಕು ಅಂತ ಓದಿದ್ದೆ. ಅಡುಗೆ ಸೋಡಾ ಹಾಕಿದರೆ ಪಿಎಚ್ ಏರುತ್ತದೆ ಅಂತಲೂ ಓದಿದ್ದೆ. ಅಮ್ಮ ಬೋಂಡಕ್ಕೆ ಅಂತ ಇಟ್ಟಿದ್ದ ಡಬ್ಬಿ ತೆಗೆದು, ಚಮಚದಲ್ಲಿ ಕರಗಿಸಿ ಹಾಕಿದೆ. ಒಂದು ಗಂಟೆಯಲ್ಲಿ ಪಿಎಚ್ 8ರ ಹತ್ತಿರ ಬಂತು. ಖುಷಿಯಾಗಿ ಮಲಗಿದೆ. ಬೆಳಗ್ಗೆ ತೊಟ್ಟಿಯಲ್ಲಿ ಜೀವ ಇದ್ದಿದ್ದು ಬಸವನಹುಳುಗಳಿಗೆ ಮಾತ್ರ.

ಇಲ್ಲಿ ಏನಾಯಿತು ಅನ್ನುವುದನ್ನು ಬಿಡಿಸಿ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಆದರೂ ಓದಿ. ಯಾಕೆಂದರೆ ನಿಮ್ಮ ಪ್ರಶ್ನೆಯ ಕೆಳಗೆ ಯಾರೋ ಆಗಲೇ "ಚೂರು ಸೋಡಾ ಹಾಕಿ" ಅಂತ ಬರೆದಿದ್ದಾರೆ.

ಮೀನಿನ ಕಿವಿರಿನಿಂದ, ಕೊಳೆತ ಆಹಾರದಿಂದ ಅಮೋನಿಯಾ ಬರುತ್ತದೆ. ಫಿಲ್ಟರ್ ಸ್ಪಂಜಿನಲ್ಲಿರುವ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡಿ, ಆಮೇಲೆ ನೈಟ್ರೇಟ್ ಮಾಡುತ್ತವೆ. ಈ ಕೆಲಸದಲ್ಲಿ ಆಮ್ಲ ಹುಟ್ಟುತ್ತದೆ. ಆ ಆಮ್ಲವನ್ನು ತಡೆಯುವುದು ನೀರಿನಲ್ಲಿ ಕರಗಿರುವ ಕಾರ್ಬೊನೇಟ್. ಅದನ್ನೇ ಕೆಎಚ್ ಅಂತ ಅಳೆಯುವುದು. ಅರಸೀಕೆರೆ ನೀರಿನಲ್ಲಿ ಅದು ಬೇಕಾದಷ್ಟಿದೆ. ನನ್ನ ಮಳೆ ನೀರಿನಲ್ಲಿ ಇರಲೇ ಇಲ್ಲ. ಹಾಗಾಗಿ ಪಿಎಚ್ ಇಳಿಯುತ್ತಾ ಹೋಯಿತು. 6ಕ್ಕಿಂತ ಕೆಳಗೆ ಹೋದರೆ ಆ ಬ್ಯಾಕ್ಟೀರಿಯಾಗಳ ಕೆಲಸ ತೀರಾ ನಿಧಾನ ಆಗುತ್ತದೆ. ಅಂದರೆ ಫಿಲ್ಟರ್ ಓಡುತ್ತಿದೆ, ಗುಳ್ಳೆ ಬರುತ್ತಿದೆ, ಆದರೆ ಕೊಳೆ ಕರಗುತ್ತಿಲ್ಲ.

ಹಾಗಾದರೆ ಮರಿಗಳು ಮೊದಲೇ ಯಾಕೆ ಸಾಯಲಿಲ್ಲ? ಆಮ್ಲದ ನೀರಿನಲ್ಲಿ ಅಮೋನಿಯಾ ಬಹುಪಾಲು ಅಮೋನಿಯಂ ಆಗಿ ಕೂತಿರುತ್ತದೆ. ಅದರ ವಿಷ ಬಹಳ ಕಡಿಮೆ. 25 ಡಿಗ್ರಿಯಲ್ಲಿ, ಪಿಎಚ್ 6 ಇದ್ದಾಗ, ಒಟ್ಟು ಅಮೋನಿಯಾದಲ್ಲಿ ನಿಜವಾದ ವಿಷದ ಪಾಲು ಶೇಕಡಾ 0.06ರಷ್ಟು. ಪಿಎಚ್ 7ಕ್ಕೆ ಅದು ಸುಮಾರು 0.6. ಪಿಎಚ್ 8ಕ್ಕೆ 5ಕ್ಕಿಂತ ಜಾಸ್ತಿ. ಒಂದೊಂದು ಅಂಕಿಗೂ ಹೆಚ್ಚುಕಮ್ಮಿ ಹತ್ತು ಪಟ್ಟು. ನಾನು ಒಂದು ಚಮಚ ಸೋಡಾದಲ್ಲಿ ಪಿಎಚ್ ಎರಡು ಅಂಕಿ ಏರಿಸಿದೆ. ನೀರಿಗೆ ಹೊಸ ವಿಷ ಏನೂ ಹಾಕಲಿಲ್ಲ. ಅಲ್ಲೇ ಮಲಗಿದ್ದ ಅಮೋನಿಯಂ ಅನ್ನು ಎಬ್ಬಿಸಿದೆ, ಸರಿಸುಮಾರು ನೂರು ಪಟ್ಟು. ಸೋಡಾ ಕೆಟ್ಟದ್ದಲ್ಲ. ಪಿಎಚ್ ಏರಿಸುವುದೂ ತಪ್ಪಲ್ಲ. ಅಮೋನಿಯಾ ನೋಡದೆ ಏರಿಸಿದ್ದು ತಪ್ಪು. ಅದೇ ಕಿಟ್ಟಿನಲ್ಲಿ ಅಮೋನಿಯಾ ಬಾಟಲಿಯೂ ಇತ್ತು, ನಾನು ಅದರ ಮುಚ್ಚಳ ಸಹ ತೆಗೆದಿರಲಿಲ್ಲ. ಹಳೇ ತೊಟ್ಟಿಗೆ ಗಡಸು ನೀರನ್ನು ಒಂದೇ ಸಲ ಅರ್ಧ ತುಂಬಿಸಿದರೂ ಇದೇ ಕಥೆ ಆಗುತ್ತದೆ. "ಚೆನ್ನಾಗಿ ನೀರು ಬದಲಿಸಿದೆ, ಮಾರನೇ ದಿನ ಎಲ್ಲಾ ಸತ್ತವು" ಅನ್ನುವವರ ಹಿಂದೆ ಎಷ್ಟೋ ಸಲ ಇರುವುದು ಇದೇ ಲೆಕ್ಕ.

ಈಗ ನಿಮ್ಮ ಮರಿಗಳು. ಮೊದಲು ಅಮೋನಿಯಾ, ಪಿಎಚ್, ಕೆಎಚ್ ಮೂರೂ ನೋಡಿ. ಅಮೋನಿಯಾ ಇದ್ದು ಪಿಎಚ್ ಕೆಳಗಿದ್ದರೆ ಪಿಎಚ್ ತಂಟೆಗೆ ಹೋಗಬೇಡಿ. ಅದೇ ಬಾವಿ ನೀರನ್ನು, ತೊಟ್ಟಿಯಷ್ಟೇ ಬೆಚ್ಚಗೆ ಮಾಡಿ, ದಿನಾ ಹತ್ತನೇ ಒಂದು ಪಾಲು ಬದಲಿಸಿ. ತಳದ ಕೊಳೆ ಪೈಪಿನಲ್ಲಿ ಎಳೆಯಿರಿ, ಊಟ ಅರ್ಧ ಮಾಡಿ. ಅಮೋನಿಯಾ ಸೊನ್ನೆಗೆ ಬಂದ ಮೇಲೆ, ತೊಳೆದು ಕುದಿಸಿದ ಕಪ್ಪೆಚಿಪ್ಪಿನ ಚೂರನ್ನು ಬಟ್ಟೆಯಲ್ಲಿ ಕಟ್ಟಿ ಫಿಲ್ಟರ್ ಹತ್ತಿರ ಇಡಿ. ಚಿಪ್ಪು ನಿಧಾನಕ್ಕೆ ಕರಗುತ್ತದೆ, ನೀರು ಆಮ್ಲವಾದಾಗ ಸ್ವಲ್ಪ ಬೇಗ ಕರಗುತ್ತದೆ. ಅವಸರ ಇಲ್ಲದ ಔಷಧ ಅದು. ಮರಿಗೆ ಮೂಳೆ ಕಟ್ಟಲು ಕ್ಯಾಲ್ಸಿಯಂ ಬೇಕು, ಅದೂ ಅದರಿಂದಲೇ ಸಿಗುತ್ತದೆ.

ಎರಡನೆಯದು ಚಳಿ. ನನ್ನ ಮಟ್ಟಿಗೆ ಮಲೆನಾಡಿನಲ್ಲಿ ಮರಿ ಬೆಳೆಯದೇ ಇರಲು ಇದೇ ದೊಡ್ಡ ಕಾರಣ. ಮೀನಿಗೆ ಸ್ವಂತ ಮೈಶಾಖ ಇಲ್ಲ, ನೀರು ಎಷ್ಟೋ ಅದೂ ಅಷ್ಟೇ. ಆಷಾಢದಲ್ಲಿ ನಮ್ಮ ಮನೆ ತೊಟ್ಟಿ 20 ಡಿಗ್ರಿ ಆಸುಪಾಸು ಇರುತ್ತದೆ. ಗಪ್ಪಿ ಅದರಲ್ಲಿ ಬದುಕುತ್ತದೆ. ಆದರೆ ತಿನ್ನುವುದು ಕಡಿಮೆ, ಅರಗುವುದು ನಿಧಾನ, ಬೆಳವಣಿಗೆ ಇನ್ನೂ ನಿಧಾನ. ಅಂಥ ಮರಿಗೆ ಎಂಥ ಪ್ರೋಟೀನ್ ಹಾಕಿದರೂ ಅದು ತಳಕ್ಕೆ ಬೀಳುವ ಕೊಳೆ ಅಷ್ಟೇ. 25ರಿಂದ 27 ಡಿಗ್ರಿ ಇರಲಿ. ಲೀಟರಿಗೆ ಒಂದು ವ್ಯಾಟ್ ಲೆಕ್ಕದಲ್ಲಿ ಹೀಟರ್, ಜೊತೆಗೆ ಬೇರೆಯೇ ಒಂದು ಥರ್ಮಾಮೀಟರ್. ಹೀಟರಿನ ಗುಂಡಿ ಮೇಲಿನ ಅಂಕಿ ನಂಬಬೇಡಿ. 30 ದಾಟಿಸಿ ಇನ್ನೂ ಬೇಗ ಬೆಳೆಸುತ್ತೇನೆ ಅನ್ನುವವರೂ ಇದ್ದಾರೆ. ನೀರು ಬಿಸಿಯಾದಷ್ಟೂ ಆಮ್ಲಜನಕ ಕಡಿಮೆ, ಮೀನಿನ ಆಯಸ್ಸೂ ಕಡಿಮೆ. ಕರೆಂಟ್ ಹೋಗುವುದು ನಮಗೆ ಹೊಸದಲ್ಲ ಅಲ್ವಾ? ತೊಟ್ಟಿಯ ಮೂರು ಕಡೆ ಮತ್ತು ಕೆಳಗೆ ಥರ್ಮೋಕೋಲ್ ಕೊಡಿ. ಇನ್ವರ್ಟರ್ ಇದ್ದರೆ ಅದಕ್ಕೆ ಏರ್ ಪಂಪ್ ಮಾತ್ರ ಹಾಕಿ, ಹೀಟರ್ ಹಾಕಿದರೆ ಬ್ಯಾಟರಿ ಬೇಗ ಮುಗಿಯುತ್ತದೆ.

ತೊಟ್ಟಿ ದೊಡ್ಡದು ಮಾಡಲಾ ಅಂತ ಕೇಳಿದ್ದೀರಿ. ತೊಟ್ಟಿ ಎಷ್ಟಿದೆಯೋ ಮೀನು ಅಷ್ಟೇ ಬೆಳೆಯುತ್ತದೆ ಅನ್ನುವ ಮಾತು ನಾನು ಒಪ್ಪುವುದಿಲ್ಲ. ಮರಿಯನ್ನು ತಡೆಯುವುದು ಗಾಜು ಅಲ್ಲ, ಆ ಗಾಜಿನೊಳಗಿನ ಕೊಳೆ ನೀರು ಮತ್ತು ನೂಕುನುಗ್ಗಲು. ದಿನಾ ನೀರು ಬದಲಿಸುವ ಸಣ್ಣ ತೊಟ್ಟಿ, ತಿಂಗಳಿಗೊಮ್ಮೆ ಬದಲಿಸುವ ದೊಡ್ಡ ತೊಟ್ಟಿಗಿಂತ ಮೇಲು. ಆದರೆ ಒಂದು ಟಬ್ ಖಂಡಿತ ತನ್ನಿ. ದೊಡ್ಡ ಮರಿಗಳು ಮೊದಲು ನುಗ್ಗಿ ತಿನ್ನುತ್ತವೆ, ಇನ್ನೂ ದೊಡ್ಡವಾಗುತ್ತವೆ, ಸಣ್ಣವು ಹಿಂದೇ ಉಳಿಯುತ್ತವೆ. ಅವನ್ನು ಬೇರೆ ಮಾಡಿ.

ಇಷ್ಟೆಲ್ಲ ಸರಿಯಾದ ಮೇಲೆ ಊಟ. ಗಪ್ಪಿಗೆ ಜಠರವೇ ಇಲ್ಲ, ತಿಂದದ್ದು ನೇರ ಕರುಳಿಗೆ. ಒಂದೇ ಸಲ ತುಂಬಿಸಿಕೊಂಡು ಇಟ್ಟುಕೊಳ್ಳಲು ಜಾಗ ಇಲ್ಲ. ಅದಕ್ಕೇ ಚೂರು ಚೂರು, ದಿನಕ್ಕೆ ನಾಲ್ಕೈದು ಸಲ. ಈಗಿರುವ ಫುಡ್ಡನ್ನೇ ಬೆರಳಲ್ಲಿ ಪುಡಿ ಮಾಡಿ ಹಾಕಿ, ಸಾಕು. ಆಸೆ ಇದ್ದರೆ ಆರ್ಟೀಮಿಯಾ ಮೊಟ್ಟೆ ತರಿಸಿ, ಅದು ಉಪ್ಪುನೀರಿನ ಪುಟ್ಟ ಸಿಗಡಿಯಂಥ ಜೀವಿ, ಮೊಟ್ಟೆಯಿಂದ ಬಂದ ಅದರ ಮರಿಗಳೇ ಗಪ್ಪಿ ಮರಿಗೆ ಊಟ. ಲೀಟರ್ ನೀರಿಗೆ 25 ಗ್ರಾಂ ಉಪ್ಪು, ಏರ್ ಪಂಪ್, ಮೇಲೊಂದು ಬಲ್ಬು. 27 ಡಿಗ್ರಿ ಇದ್ದರೆ ಒಂದು, ಒಂದೂವರೆ ದಿನದಲ್ಲಿ ಒಡೆಯುತ್ತವೆ. ನಮ್ಮ ಮಳೆಗಾಲದ ಅಡುಗೆಮನೆ ಕಟ್ಟೆ ಮೇಲೆ ಇಟ್ಟು "ಮೊಟ್ಟೆ ಕೆಟ್ಟಿವೆ" ಅಂತ ಅಂಗಡಿಯವರನ್ನು ಬೈಯಬೇಡಿ. ಅಲ್ಲೂ ತಪ್ಪು ಚಳಿಯದೇ. ತೊಟ್ಟಿಗೆ ಹಗಲು ಬೆಳಕು ಬೇಕು, ಗಪ್ಪಿ ಕಣ್ಣಲ್ಲಿ ನೋಡಿ ತಿನ್ನುವ ಮೀನು. ಮಳೆಗಾಲದಲ್ಲಿ ನಮ್ಮ ಮನೆಗಳಲ್ಲಿ ಮಧ್ಯಾಹ್ನವೂ ಕತ್ತಲೆ.

ಈಗಿನ ಮರಿಗಳು ಮುಂದೆ ಬೆಳೆಯುತ್ತವಾ ಅನ್ನುವುದು ನಿಮ್ಮ ಕೊನೆಯ ಪ್ರಶ್ನೆ. ಹೊಟ್ಟೆಯ ಕೆಳಗೆ, ಬಾಲದ ಮುಂದಿರುವ ರೆಕ್ಕೆ ನೋಡಿ. ಅದು ಬೀಸಣಿಗೆ ಥರ ಅಗಲ ಇದ್ದರೆ ಹೆಣ್ಣು, ಇಲ್ಲವೇ ಇನ್ನೂ ಬಲಿಯದ ಮರಿ. ಅವು ನೀರು ಸರಿಹೋದರೆ ಬಹಳಷ್ಟು ಬೆಳೆದುಕೊಳ್ಳುತ್ತವೆ. ಹೆಣ್ಣು ಬಲಿತ ಮೇಲೂ ಬೆಳೆಯುತ್ತಲೇ ಇರುತ್ತದೆ. ರೆಕ್ಕೆ ಕಡ್ಡಿಯಂತೆ ಸಣ್ಣಗೆ ಚೂಪಾಗಿದ್ದರೆ ಅದು ಬಲಿತ ಗಂಡು. ಗಂಡು ಬಲಿತ ಮೇಲೆ ಬೆಳವಣಿಗೆ ಹೆಚ್ಚುಕಮ್ಮಿ ನಿಂತ ಹಾಗೆ, ಅದಕ್ಕೆ ಯಾವ ಡಬ್ಬಿಯೂ ಇಲ್ಲ. ಅಂಥವನ್ನು ಬೇರೆ ಇಡಿ, ಇಲ್ಲ ಬೇಕಾದವರಿಗೆ ಕೊಡಿ. ಹೇಮಾವತಿಗೆ ಮಾತ್ರ ಬಿಡಬೇಡಿ, ಗಪ್ಪಿ ನಮ್ಮ ಹೊಳೆಯ ಮೀನಲ್ಲ.