ವಿಡಿಯೋ ಕರೆಯಲ್ಲಿ ಬೆನ್ನು ಕಾಣುವುದಿಲ್ಲ

ಪ್ರಶ್ನೆ: ನನಗೆ 47 ವರ್ಷ, ಬೆಂಗಳೂರಿನಲ್ಲಿ ಬ್ಯಾಂಕ್ ಉದ್ಯೋಗಿ. ತವರು ತಿಪಟೂರಿನ ಹತ್ತಿರದ ಹಳ್ಳಿ. 74 ವರ್ಷದ ಅಮ್ಮನಿಗೆ ಲಕ್ವ ಹೊಡೆದು ಬಲಗೈ, ಬಲಗಾಲು ಸ್ವಾಧೀನ ತಪ್ಪಿವೆ. ಮಾತು ಒಂದೆರಡು ಪದಕ್ಕೆ ನಿಂತಿದೆ. ಆಸ್ಪತ್ರೆಯಿಂದ ಬಂದ ಮೇಲೆ ಏಳು ವಾರದಿಂದ ಒಂದು ಪುನಶ್ಚೇತನ ಕೇಂದ್ರದಲ್ಲಿ ಇಟ್ಟಿದ್ದೇವೆ. ನಮ್ಮದು ಲಿಫ್ಟ್ ಇಲ್ಲದ ಎರಡನೇ ಮಹಡಿಯ ಮನೆ, ಮಗಳು ಎರಡನೇ ಪಿಯುಸಿಯಲ್ಲಿದ್ದಾಳೆ. ನಾನು ಪ್ರತಿ ಭಾನುವಾರ ಸಂಜೆ ಹೋಗುತ್ತೇನೆ. ಹೋದ ವಾರ ಅಮ್ಮನ ಸೊಂಟದ ಕೆಳಗೆ ಕಪ್ಪಾದ ಕಲೆ ಕಂಡಿತು. ಊಟ ಮಾಡುವಾಗ ಕೆಮ್ಮುತ್ತಾರೆ. ಒಬ್ಬ ಆಯಾ ಹತ್ತಿರ ಬಂದರೆ ಕಣ್ಣು ಮುಚ್ಚಿಕೊಳ್ಳುತ್ತಾರೆ. ಖರ್ಚಿನ ಹೆಚ್ಚಿನ ಪಾಲು ಕೊಡುವ ಅಣ್ಣ ಮಸ್ಕತ್‌ನಲ್ಲಿದ್ದಾನೆ. ‘ದಿನಾ ವಿಡಿಯೋ ಕರೆಯಲ್ಲಿ ನೋಡುತ್ತೇನಲ್ಲ, ಅಮ್ಮ ಚೆನ್ನಾಗಿದ್ದಾಳೆ, ಸುಮ್ಮನೆ ಅನುಮಾನ ಪಡಬೇಡ’ ಎನ್ನುತ್ತಾನೆ. ಸೋದರಮಾವ ಮಾತ್ರ ‘ಹೆತ್ತವಳನ್ನು ಆಶ್ರಮಕ್ಕೆ ಹಾಕಿ ಕೈತೊಳೆದುಕೊಂಡಿರಿ’ ಎಂದು ಎಲ್ಲರ ಮುಂದೆ ಅಂದುಬಿಟ್ಟರು. ದೂರು ಕೊಟ್ಟರೆ ನಾನು ಈಚೆ ಬಂದ ಮೇಲೆ ಅಮ್ಮನ ಮೇಲೆ ಸಿಟ್ಟು ತೀರಿಸಿಕೊಂಡಾರೆಂಬ ಭಯ. ಅಲ್ಲಿನ ಆರೈಕೆ ಸರಿಯಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಮನೆಗೆ ಕರೆತರಲೇ?
— ಹೆಸರು ಬೇಡ

ಉತ್ತರ: ಮೊದಲು ಎರಡು ಕೆಲಸ. ಉಳಿದದ್ದನ್ನು ಆಮೇಲೆ ಓದಿ.

ಆ ಕಲೆಯನ್ನು ನಾಳೆಯೇ ಮತ್ತೆ ನೋಡಿ, ಭಾನುವಾರದ ತನಕ ಕಾಯಬೇಡಿ. ಬೆರಳಿನಿಂದ ಮೆಲ್ಲಗೆ ಒತ್ತಿ ಬಿಡಿ. ಒತ್ತಿದ ಜಾಗ ಕ್ಷಣಕಾಲ ಬಿಳಿಚಿಕೊಂಡು ಮತ್ತೆ ಬಣ್ಣ ತುಂಬಿಕೊಂಡರೆ ಅಲ್ಲಿ ರಕ್ತ ಓಡಾಡುತ್ತಿದೆ. ಒತ್ತಿದರೂ ಬಣ್ಣ ಬದಲಾಗದಿದ್ದರೆ ಹಾಸಿಗೆ ಹುಣ್ಣು ಶುರುವಾಗಿದೆ ಎಂದೇ ತಿಳಿಯಿರಿ. ನಮ್ಮಂಥ ಕಂದು ಮೈಬಣ್ಣದವರಲ್ಲಿ ಈ ಪರೀಕ್ಷೆ ಒಂದನ್ನೇ ನಂಬುವಂತಿಲ್ಲ. ಸುತ್ತಲ ಚರ್ಮಕ್ಕಿಂತ ಆ ಜಾಗ ಕಪ್ಪಾಗಿದೆಯೇ, ಮುಟ್ಟಿದರೆ ಬೆಚ್ಚಗಿದೆಯೇ, ಗಟ್ಟಿಯಾಗಿದೆಯೇ ಎಂಬುದನ್ನೂ ನೋಡಬೇಕು. ನೇರಳೆ ಬಣ್ಣಕ್ಕೆ ತಿರುಗಿದ್ದರೆ ಅಥವಾ ಚರ್ಮ ಸುಲಿದಿದ್ದರೆ ಅಂದೇ ವೈದ್ಯರು ನೋಡಬೇಕು. ಪೌಡರ್ ಹಾಕಿ, ಸ್ಪಿರಿಟ್ ಹಚ್ಚಿ ಆ ಜಾಗವನ್ನು ತಿಕ್ಕಲು ಯಾರಿಗೂ ಬಿಡಬೇಡಿ. ಪ್ರೀತಿಯಿಂದ ತಿಕ್ಕಿದರೂ ಒಳಗಿನ ಮಾಂಸ ಇನ್ನಷ್ಟು ನಲುಗುತ್ತದೆ.

ಎರಡನೆಯದು ಆ ಕೆಮ್ಮು. ಲಕ್ವ ಹೊಡೆದವರಲ್ಲಿ ಎಷ್ಟೋ ಜನರಿಗೆ ನುಂಗುವ ಶಕ್ತಿಯೂ ಕುಂದಿರುತ್ತದೆ. ಅನ್ನ ನೀರು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ. ನುಂಗುವಿಕೆಯ ಪರೀಕ್ಷೆ ಮಾಡುವವರು ಸ್ಪೀಚ್ ಥೆರಪಿಸ್ಟ್. ಏಳು ವಾರದಲ್ಲಿ ಅವರು ಒಮ್ಮೆಯಾದರೂ ಅಮ್ಮನನ್ನು ನೋಡಿದ್ದಾರೆಯೇ ಎಂದು ಕೇಳಿ. ನೋಡಿಲ್ಲವೆಂದರೆ ಈ ವಾರವೇ ಕರೆಸಲಿ. ಅಲ್ಲಿಯವರೆಗೆ ಅಮ್ಮನನ್ನು ನೆಟ್ಟಗೆ ಕೂರಿಸಿ, ಸಣ್ಣ ಸಣ್ಣ ತುತ್ತು ಕೊಟ್ಟು, ಒಂದು ತುತ್ತು ಇಳಿದ ಮೇಲೆ ಇನ್ನೊಂದು ಕೊಡಬೇಕು. ಊಟವಾದ ಮೇಲೂ ಅರ್ಧ ಗಂಟೆ ಮಲಗಿಸಬಾರದು. ತೆಳ್ಳಗಿನ ನೀರು, ತಿಳಿಸಾರು ಮಂದವಾದ ಗಂಜಿಗಿಂತ ಬೇಗ ದಾರಿ ತಪ್ಪುತ್ತವೆ. ಅರೆಮಲಗಿದವರ ಬಾಯಿಗೆ ಚಮಚದಲ್ಲಿ ಸುರಿಯುವುದನ್ನು ಕಂಡರೆ ಅಲ್ಲೇ ತಡೆಯಿರಿ, ಸಂಕೋಚ ಬೇಡ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಅಮ್ಮನನ್ನು ಅಲ್ಲಿ ಬಿಟ್ಟು ನಾನು ತಪ್ಪು ಮಾಡಿದೆನೇ ಎಂಬುದು ಒಂದು. ಅಲ್ಲಿ ಅಮ್ಮನನ್ನು ಸರಿಯಾಗಿ ನೋಡಿಕೊಳ್ಳುತ್ತಿದ್ದಾರೆಯೇ ಎಂಬುದು ಇನ್ನೊಂದು. ಇವೆರಡನ್ನೂ ಬಿಡಿಸಿಕೊಳ್ಳದೆ ನಿಮಗೆ ಅಲ್ಲಿ ಏನೂ ನೆಟ್ಟಗೆ ಕಾಣುವುದಿಲ್ಲ. ತಪ್ಪು ಮಾಡಿದೆನೆಂಬ ಅಳುಕು ಇದ್ದವರು ಒಂದೋ ಎಲ್ಲದರಲ್ಲೂ ದೋಷ ಹುಡುಕುತ್ತಾರೆ, ಇಲ್ಲವೇ ನೋಡಲು ಹೆದರಿ ಕಣ್ಣು ತಪ್ಪಿಸುತ್ತಾರೆ. ನಾನು ಎರಡನೆಯ ಜಾತಿಗೆ ಸೇರಿದವಳು.

ನಮ್ಮ ತಂದೆಯನ್ನು ನಾಲ್ಕು ತಿಂಗಳು ಇಂಥದೇ ಒಂದು ಕೇಂದ್ರದಲ್ಲಿ ಇಟ್ಟಿದ್ದೆವು. ವಾರಕ್ಕೊಮ್ಮೆ ಹೋಗಿ ತಲೆಯ ಹತ್ತಿರ ಕುರ್ಚಿ ಎಳೆದುಕೊಂಡು ಕೂರುತ್ತಿದ್ದೆ. ಕಿತ್ತಳೆ ಸುಲಿದು ಕೊಡುತ್ತಿದ್ದೆ, ಊರಿನ ಸುದ್ದಿ ಹೇಳುತ್ತಿದ್ದೆ. ಸೊಂಟದಿಂದ ಕೆಳಗೆ ಸದಾ ಹೊದಿಕೆ ಇರುತ್ತಿತ್ತು. ಅದನ್ನು ನಾನು ಎತ್ತಲಿಲ್ಲ, ಎತ್ತಬೇಕೆಂದು ತೋಚಲೂ ಇಲ್ಲ. ಒಂದು ದಿನ ಚಿಕ್ಕಪ್ಪನ ಮಗ ಬಂದಿದ್ದ. ಹೊರಡುವಾಗ ಕಾಲು ಮುಟ್ಟಿ ನಮಸ್ಕಾರ ಮಾಡಲು ಹೊದಿಕೆ ಸರಿಸಿದ. ಕಾಲುಚೀಲದ ಹಿಮ್ಮಡಿ ಒದ್ದೆಯಾಗಿತ್ತು. ಚೀಲ ತೆಗೆದಾಗ ಒಂದು ರೂಪಾಯಿ ನಾಣ್ಯದಷ್ಟು ಅಗಲದ ಹುಣ್ಣು. ಅದು ಮಾಗಲು ಐದು ತಿಂಗಳು ಹಿಡಿಯಿತು. ಅಂದಿನಿಂದ ಯಾರನ್ನು ನೋಡಲು ಹೋದರೂ ನಾನು ಮೊದಲು ಕಾಲಿನ ಬಳಿ ನಿಲ್ಲುತ್ತೇನೆ.

ಅದಕ್ಕೇ ಹೇಳುತ್ತಿದ್ದೇನೆ: ಆರೈಕೆಯ ಗುಣ ಬರೆದಿರುವುದು ಅಮ್ಮನ ಮೈಮೇಲೆ. ಸ್ವಾಗತ ಕೋಣೆಯ ಅಮೃತಶಿಲೆಯಲ್ಲಾಗಲೀ ಮೊಬೈಲ್‌ನಲ್ಲಿ ಕಾಣುವ ನಕ್ಷತ್ರಗಳಲ್ಲಾಗಲೀ ಅದು ಕಾಣುವುದಿಲ್ಲ. ನಿಮ್ಮ ಅಣ್ಣ ಸುಳ್ಳು ಹೇಳುತ್ತಿಲ್ಲ. ಅವರಿಗೆ ತಲೆ ಬಾಚಿ ಕುಂಕುಮ ಇಟ್ಟ ಮುಖ ಕಾಣುತ್ತದೆ, ಬೆನ್ನು ಕಾಣುವುದಿಲ್ಲ. ನೋಡಬೇಕಾದದ್ದು ಮೂಳೆ ಹಾಸಿಗೆಗೆ ತಾಗುವ ಜಾಗಗಳನ್ನು: ಹಿಮ್ಮಡಿ, ಬೆನ್ನಿನ ಬುಡ, ಸೊಂಟದ ಪಕ್ಕ, ಭುಜದ ಹಿಂಭಾಗ, ತಲೆಯ ಹಿಂಬದಿ. ತೋಳಿನ ಒಳಭಾಗದಲ್ಲಿ ಬೆರಳು ಒತ್ತಿದ ಗುರುತುಗಳಿವೆಯೇ ನೋಡಿ. ಬಾಯಿ ತೆರೆಸಿ ನೋಡಿ, ನಾಲಿಗೆ ಬಿಳಿ ಕಟ್ಟಿ ಒಣಗಿದ್ದರೆ ಬಾಯಿ ಶುಚಿಮಾಡಿ ದಿನಗಳಾಗಿವೆ. ಉಗುರಿನ ಸಂದಿ, ಮುದುರಿದ ಬಲಗೈಯ ಅಂಗೈ, ಎದೆಯ ಕೆಳಗಿನ ಮಡಿಕೆ, ಇವನ್ನೂ ಬಿಡಬೇಡಿ. ಮಗಳು ಮೈ ನೋಡಿದಳೆಂದು ಯಾವ ತಾಯಿಯೂ ತಪ್ಪು ತಿಳಿಯುವುದಿಲ್ಲ. ಪರದೆ ಎಳೆದು, ಅಮ್ಮನಿಗೆ ಹೇಳಿಯೇ ನೋಡಿ.

ಭಾನುವಾರ ಸಂಜೆಯ ಭೇಟಿಯನ್ನು ಬದಲಿಸಿ. ಎಲ್ಲರೂ ಬರುವ ಹೊತ್ತು ಅದು, ಹೊದಿಕೆಗಳೆಲ್ಲ ಒಗೆದು ಮಡಿಯಾಗಿರುತ್ತವೆ. ಒಂದು ದಿನ ಬೆಳಿಗ್ಗೆ ಏಳಕ್ಕೆ, ಇನ್ನೊಂದು ದಿನ ರಾತ್ರಿ ಊಟದ ಹೊತ್ತಿಗೆ, ಬ್ಯಾಂಕಿಗೆ ಒಂದರ್ಧ ದಿನ ರಜೆ ಹಾಕಿ ಮಧ್ಯಾಹ್ನ ಎರಡಕ್ಕೆ ಹೋಗಿ. ಬೆಳಿಗ್ಗೆ ಹೋದಾಗ ಡಯಾಪರ್ ಎಷ್ಟು ಭಾರವಾಗಿದೆ ಎಂಬುದೇ ರಾತ್ರಿಯ ಕಥೆ ಹೇಳುತ್ತದೆ. ಕರೆಗಂಟೆ ಒತ್ತಿ ಎಷ್ಟು ನಿಮಿಷಕ್ಕೆ ಬರುತ್ತಾರೆ ನೋಡಿ. ಅಮ್ಮನ ಎಡಗೈಗೆ ಆ ಗಂಟೆ ಎಟಕುತ್ತದೆಯೇ? ಬಲಗಡೆ ತೂಗುಹಾಕಿದ್ದರೆ ಅದು ಇದ್ದೂ ಇಲ್ಲದಂತೆ. ಮಗ್ಗುಲು ಬದಲಿಸುವ ಪಟ್ಟಿಯನ್ನು ಕೇಳಿ ಪಡೆಯಿರಿ. ತಾನಾಗಿ ಹೊರಳಲಾಗದವರನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಹೊರಳಿಸುತ್ತಾರೆ. ನೀವು ಮೂರು ಗಂಟೆಗೆ ನೋಡಿದಾಗಲೇ ಆರು ಗಂಟೆಯ ಸಹಿಯೂ ಬಿದ್ದಿದ್ದರೆ ಇನ್ನೇನೂ ಕೇಳಬೇಕಾಗಿಲ್ಲ.

ಹಾಸಿಗೆಯಿಂದ ವೀಲ್‌ಚೇರಿಗೆ ಇಳಿಸುವುದನ್ನು ನಿಂತು ನೋಡಿ. ಸ್ವಾಧೀನವಿಲ್ಲದ ಬಲಗೈ ಹಿಡಿದು ಎಳೆದರೆ ಭುಜದ ಕೀಲು ಸಡಿಲಗೊಂಡು ವಿಪರೀತ ನೋವು ಕೊಡುತ್ತದೆ. ಆ ಆಯಾ ಬಂದಾಗ ಅಮ್ಮ ಕಣ್ಣು ಮುಚ್ಚುವುದು ಇದಕ್ಕೇ ಇರಬಹುದು. ಗದರಿದ್ದಕ್ಕೂ ಇರಬಹುದು, ಬರೀ ಸುಸ್ತೂ ಇರಬಹುದು. ಈಗಲೇ ಆಕೆಯನ್ನು ಅಪರಾಧಿ ಮಾಡಬೇಡಿ, ಆದರೆ ಅಮ್ಮನ ಆ ಕಣ್ಣುಗಳನ್ನು ತಳ್ಳಿಹಾಕಲೂ ಬೇಡಿ. ಅಮ್ಮ ಇತ್ತೀಚೆಗೆ ಹಗಲೆಲ್ಲ ಮಂಪರಿನಲ್ಲಿದ್ದರೆ ಔಷಧಿ ಪಟ್ಟಿ ತೆಗೆಸಿ, ಹೊಸದಾಗಿ ನಿದ್ದೆ ಮಾತ್ರೆ ಸೇರಿದೆಯೇ, ಸೇರಿಸಿದವರು ಯಾರು ಎಂದು ಕೇಳಿ.

ಬೆಂಗಳೂರಿನ ಇಂಥ ಕೇಂದ್ರಗಳಲ್ಲಿ ಮೈ ಒರೆಸಿ ಬಟ್ಟೆ ಬದಲಿಸುವ ಕೈಗಳಲ್ಲಿ ಬಹಳಷ್ಟು ಒಡಿಶಾ, ಜಾರ್ಖಂಡ್, ಈಶಾನ್ಯದ ಕಡೆಯಿಂದ ಬಂದ ಹುಡುಗಿಯರವು. ಮನೆಯವರನ್ನು ಬಿಟ್ಟು ಬಂದು ಹನ್ನೆರಡು ಗಂಟೆಯ ಪಾಳಿ ದುಡಿಯುವ ಮಕ್ಕಳು ಅವರು. ತಿಪಟೂರಿನ ಕಡೆಯ ಅಜ್ಜಿ ಇದ್ದ ಒಂದೆರಡು ಪದದಲ್ಲಿ ‘ಒಂದಕ್ಕೆ’ ಎಂದರೆ ಅವರಿಗೆ ಹೇಗೆ ತಿಳಿಯಬೇಕು? ತಿಳಿಯದಿದ್ದಾಗ ಡಯಾಪರ್ ಒಂದೇ ದಾರಿಯಾಗುತ್ತದೆ. ಹೊತ್ತಿಗೆ ಸರಿಯಾಗಿ ಶೌಚಕ್ಕೆ ಕೂರಿಸಿದರೆ ಹಿಡಿತ ಮರಳಿ ಬರಬಹುದಾದವರೂ ಡಯಾಪರಿಗೇ ಒಗ್ಗಿಹೋಗುತ್ತಾರೆ. ದೊಡ್ಡ ಹಾಳೆಯಲ್ಲಿ ಲೋಟ, ಕಮೋಡ್, ಹೊದಿಕೆ, ನೋವಿನ ಮುಖದ ಚಿತ್ರ ಬರೆದು ಅಮ್ಮನ ಎಡಗಡೆ ಅಂಟಿಸಿ, ಕೆಳಗೆ ಅಮ್ಮ ಆಡುವ ಪದವನ್ನು ಆ ಹುಡುಗಿಯರು ಓದಬಲ್ಲ ಲಿಪಿಯಲ್ಲಿ ಬರೆಯಿರಿ. ನಿಮ್ಮ ಮಗಳು ಒಂದು ಗಂಟೆಯಲ್ಲಿ ಮಾಡಿಕೊಡುತ್ತಾಳೆ.

ನೀವು ಕೊಡುತ್ತಿರುವ ಹಣ ಬರೀ ನೋಡಿಕೊಳ್ಳುವುದಕ್ಕಲ್ಲ, ಚೇತರಿಕೆಗೆ. ಲಕ್ವದ ನಂತರ ಮೊದಲ ಮೂರು ತಿಂಗಳಲ್ಲಿ ಚೇತರಿಕೆಯ ವೇಗ ಹೆಚ್ಚು. ಆಮೇಲೂ ಸುಧಾರಿಸುತ್ತದೆ, ಆದರೆ ನಿಧಾನ. ನಿಮ್ಮದು ಏಳು ವಾರ ಆಗಲೇ ಕಳೆದಿದೆ. ಆದ್ದರಿಂದ ‘ಇಂಪ್ರೂವ್ ಆಗುತ್ತಿದ್ದಾರೆ ಮೇಡಂ’ ಎಂಬ ಮಾತಿಗೆ ತಲೆಯಾಡಿಸಿ ಬರಬೇಡಿ. ಬಾರ್ಥೆಲ್ ಸೂಚ್ಯಂಕ ಎಂಬ ಅಳತೆಯಿದೆ, 1965ರಿಂದಲೂ ಬಳಕೆಯಲ್ಲಿದೆ. ಊಟ, ಸ್ನಾನ, ಬಟ್ಟೆ ತೊಡುವುದು, ಶೌಚ, ಹಾಸಿಗೆಯಿಂದ ಕುರ್ಚಿಗೆ ಹೋಗುವುದು, ಮೆಟ್ಟಿಲು ಹತ್ತುವುದು ಹೀಗೆ ಹತ್ತು ವಿಷಯಕ್ಕೆ ಒಟ್ಟು 100 ಅಂಕ. ಸೇರಿಸಿದ ದಿನ ಎಷ್ಟಿತ್ತು, ಈಗ ಎಷ್ಟಿದೆ ಎಂದು ಕೇಳಿ. ಅಂಕ ಏರಿಲ್ಲದಿರಬಹುದು, ಅದಕ್ಕೆ ಕಾರಣವೂ ಇರಬಹುದು. ಅಂಥದ್ದೊಂದು ಅಳತೆಯನ್ನೇ ಇಟ್ಟಿಲ್ಲವೆಂದರೆ ಅದು ಪುನಶ್ಚೇತನ ಕೇಂದ್ರವಲ್ಲ, ಬಾಡಿಗೆ ಹಾಸಿಗೆ. ಜೊತೆಗೆ ಪ್ರತಿ ತಿಂಗಳ ತೂಕ ಕೇಳಿ.

ದೂರಿನ ಭಯದ ಬಗ್ಗೆ. ಅದು ಸುಳ್ಳು ಭಯವಲ್ಲ, ಹಾಗಾಗಿ ಧೈರ್ಯ ಮಾಡಿ ಎಂದಷ್ಟೇ ಹೇಳಿ ಮುಗಿಸುವುದಿಲ್ಲ. ಆಯಾಳನ್ನು ಗದರಬೇಡಿ. ನರ್ಸಿಂಗ್ ಉಸ್ತುವಾರಿಯವರನ್ನೂ ವೈದ್ಯರನ್ನೂ ಒಟ್ಟಿಗೆ ಕೂರಿಸಿಕೊಂಡು ಕೇಳಿ. ಕಲೆಯ ಫೋಟೊ ತೋರಿಸಿ, ಅಳತೆ ಹೇಳಿ, ‘ಇದಕ್ಕೆ ಇಂದಿನಿಂದ ಏನು ಬದಲಾಗುತ್ತದೆ’ ಎಂದಷ್ಟೇ ಕೇಳಿ. ಅಂದೇ ರಾತ್ರಿ ಅವರು ಹೇಳಿದ್ದನ್ನೆಲ್ಲ ಬರೆದು ಅವರಿಗೇ ಇಮೇಲ್ ಮಾಡಿ, ಅಣ್ಣನಿಗೂ ಪ್ರತಿ ಹಾಕಿ. ದಾಖಲೆಯಿರುವ ರೋಗಿಯನ್ನು ಕಡೆಗಣಿಸುವುದು ಸುಲಭವಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ಬರುವ ಮಗಳಿದ್ದಾಳೆ ಎಂದು ಗೊತ್ತಾದ ಮೇಲಂತೂ ಇನ್ನೂ ಕಷ್ಟ. ಒಳ್ಳೆಯ ಕೇಂದ್ರದವರು ನಿಮ್ಮೆದುರೇ ಹೊದಿಕೆ ಸರಿಸಿ ನೋಡುತ್ತಾರೆ, ಗಾಳಿ ಹಾಸಿಗೆ ತರಿಸುತ್ತಾರೆ, ಎರಡು ದಿನ ಬಿಟ್ಟು ಅವರೇ ಫೋನ್ ಮಾಡುತ್ತಾರೆ. ಕೆಟ್ಟ ಕೇಂದ್ರದವರು ‘ಈ ವಯಸ್ಸಿಗೆ ಇದೆಲ್ಲ ಸಹಜ’ ಎನ್ನುತ್ತಾರೆ. ಆ ಒಂದು ಮಾತು ಬಂದರೆ ಬೇರೆ ಜಾಗ ಹುಡುಕಲು ಶುರುಮಾಡಿ.

ಕಾನೂನಿನ ದಾರಿಯನ್ನು ಕೈಯಲ್ಲಿ ಇಟ್ಟುಕೊಂಡಿರಿ. ಚಿಕಿತ್ಸೆ ಕೊಡುವ ಖಾಸಗಿ ಸಂಸ್ಥೆಗಳು ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007ರ ಅಡಿ ನೋಂದಣಿಯಾಗಿರಬೇಕು. ಪ್ರಮಾಣಪತ್ರ ಗೋಡೆಯ ಮೇಲೆ ಕಾಣುವಂತಿರಬೇಕು. ದೂರುಗಳನ್ನು ಕೇಳಲು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರವಿದೆ. ಹಿರಿಯ ನಾಗರಿಕರ ಸಹಾಯವಾಣಿ 14567. ಬಳಸಬೇಕಾಗಿ ಬರದಿರಲಿ.

ಮನೆಗೆ ಕರೆತರಬೇಕೆ? ಸೋದರಮಾವನ ಮಾತಿಗೆ ನೊಂದು ಖಂಡಿತ ಕರೆತರಬೇಡಿ. ಲಿಫ್ಟ್ ಇಲ್ಲದ ಎರಡನೇ ಮಹಡಿಗೆ ಅಮ್ಮನನ್ನು ಒಮ್ಮೆ ಹೊತ್ತು ತಂದರೆ ಅವರು ಮತ್ತೆ ಇಳಿಯುವುದು ಆಸ್ಪತ್ರೆಗೆ ಮಾತ್ರ. ರಾತ್ರಿ ನಾಲ್ಕೈದು ಸಲ ಎದ್ದು ಹೊರಳಿಸಿ, ಬೆಳಿಗ್ಗೆ ಬ್ಯಾಂಕಿಗೆ ಹೋಗುವ ನೀವು ಎಷ್ಟು ದಿನ ತಡೆದೀರಿ? ಮಾವನಿಗೆ ಬೇಕಿದ್ದರೆ ವಾರದಲ್ಲಿ ಒಂದು ಮಧ್ಯಾಹ್ನ ಬಂದು ಅಕ್ಕನಿಗೆ ಊಟ ಮಾಡಿಸಿ ಹೋಗಲು ಹೇಳಿ. ನಿಜಕ್ಕೂ ಹೇಳಿ, ಕರೆದರೆ ಬಂದಾರು. ನನ್ನ ಸಲಹೆ ಇದು: ಮಾತುಕತೆಯಾದ ದಿನದಿಂದ ಎರಡು ವಾರ ನೋಡಿ. ಕಲೆ ತಿಳಿಯಾಗುತ್ತಿದ್ದರೆ, ನುಂಗುವ ಪರೀಕ್ಷೆ ನಡೆದಿದ್ದರೆ, ಕೈ ಎಳೆಯುವುದು ನಿಂತಿದ್ದರೆ ಅಲ್ಲೇ ಇರಲಿ. ಕಲೆ ಹುಣ್ಣಾಗಿ ಬಾಯಿಬಿಟ್ಟರೆ, ಕಾರಣ ಹೇಳಲಾಗದ ಗಾಯ ಕಂಡರೆ ಎರಡು ವಾರದ ಮಾತಿಲ್ಲ, ಅಂದೇ ಅಮ್ಮನನ್ನು ಮೊದಲಿನ ಆಸ್ಪತ್ರೆಯ ವೈದ್ಯರ ಬಳಿ ಕರೆದೊಯ್ಯಿರಿ, ಅಲ್ಲಿಂದಲೇ ಬೇರೆ ಕೇಂದ್ರಕ್ಕೆ. ಅಣ್ಣನ ಜೊತೆ ವಾದ ಮಾಡಬೇಡಿ, ಬೆನ್ನಿನ ಫೋಟೊ ಕಳಿಸಿ.

ಇನ್ನೊಂದು. ಅಣ್ಣ ಏನೆಂದ, ಮಾವ ಏನೆಂದರು ಎಂದು ಬರೆದಿದ್ದೀರಿ. ಅಮ್ಮನನ್ನು ಕೇಳಿದಿರಾ ಎಂಬುದು ಪತ್ರದಲ್ಲಿಲ್ಲ. ಮಾತು ನಿಂತರೆ ತಿಳಿವಳಿಕೆಯೂ ನಿಂತಿದೆ ಎಂದಲ್ಲ. ಸಿಬ್ಬಂದಿ ಇಲ್ಲದ ಹೊತ್ತಿನಲ್ಲಿ ಎಡಗೈ ಹಿಡಿದುಕೊಂಡು ಕೂತು, ಹೌದಾದರೆ ಒಂದು ಸಲ ಅದುಮಲು ಹೇಳಿ. ಮೊದಲು ಉತ್ತರ ಗೊತ್ತಿರುವ ಪ್ರಶ್ನೆ ಕೇಳಿ: ನಮ್ಮದು ತಿಪಟೂರಿನ ಕಡೆಯಲ್ಲವೇ? ನಮ್ಮದು ಮೈಸೂರೇ? ಅದುಮುವುದನ್ನು ನಂಬಬಹುದು ಎಂದು ಖಾತ್ರಿಯಾದ ಮೇಲೆ ಒಂದೊಂದಾಗಿ ಕೇಳಿ, ಪ್ರತಿಯೊಂದಕ್ಕೂ ಹತ್ತು ಎಣಿಸುವಷ್ಟು ಕಾಯಿರಿ. ಭುಜ ನೋಯುತ್ತದೆಯೇ? ರಾತ್ರಿ ಕರೆದರೆ ಬರುತ್ತಾರೆಯೇ? ಗದರುತ್ತಾರೆಯೇ? ಇಲ್ಲಿ ಇರುತ್ತೀಯಾ ಅಮ್ಮ?

ಅವರು ಏನು ಹೇಳಿದರೆಂದು ನನಗೆ ಬರೆಯಿರಿ.