ಮಗಳು ಕಾದಂಬರಿ ಓದಿ ಚೆನ್ನಾಗಿ ಬರೆದರೂ ಟೀಚರ್ ‘ಬರೀ ಕಥೆ’ ಅಂತಾರೆ, ಏನು ಮಾಡೋದು?

ನಿಮ್ಮ ಪ್ರಶ್ನೆ ನೋಡಿದ ಕೂಡಲೇ ಬರೆಯಲು ಕೂತೆ. ಆಗಸ್ಟ್‌ನಲ್ಲಿ ಮೈಸೂರಿನಿಂದ ನ್ಯೂಜೆರ್ಸಿಗೆ ಬಂದಿದ್ದೀರಿ, ಮಗಳು ಒಂಬತ್ತನೇ ಕ್ಲಾಸು, ಇಂಗ್ಲಿಷ್ ಕ್ಲಾಸಿನಲ್ಲಿ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಕಾದಂಬರಿ ಓದಿಸುತ್ತಿದ್ದಾರೆ, ವಾರಕ್ಕೊಂದು ರೆಸ್ಪಾನ್ಸ್, ಅಂದರೆ ಓದಿದ್ದಕ್ಕೆ ತನ್ನ ಪ್ರತಿಕ್ರಿಯೆ, ಬರೆಯಬೇಕು. ಊರಲ್ಲಿ ಇಂಗ್ಲಿಷಿಗೆ 90ಕ್ಕಿಂತ ಕಡಿಮೆ ತೆಗೆಯದ ಹುಡುಗಿ ಎರಡು ಪುಟ ಒಂದೂ ತಪ್ಪಿಲ್ಲದೆ ಬರೆದು ಕೊಟ್ಟರೂ ಟೀಚರ್ ‘ಸಾರಾಂಶ ಜಾಸ್ತಿಯಾಯಿತು’ ಎಂದು ಬರೆದು ಸಿ ಗ್ರೇಡ್ ಕೊಟ್ಟಿದ್ದಾರೆ. ಅವಳು ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ, ಟ್ಯೂಷನ್ ಹಾಕಿಸಬೇಕಾ ಎಂದು ಕೇಳಿದ್ದೀರಿ.

ಟ್ಯೂಷನ್ ಬೇಡ. ಅವಳ ಇಂಗ್ಲಿಷ್ ಚೆನ್ನಾಗಿಯೇ ಇದೆ.

ನಾನು 1998ರಲ್ಲಿ, ಹದಿನಾಲ್ಕನೇ ವಯಸ್ಸಿಗೆ, ಅಪ್ಪನ ಕೆಲಸದ ದೆಸೆಯಿಂದ ತಿಪಟೂರು ಬಿಟ್ಟು ಒಹಾಯೋಗೆ ಬಂದವಳು. ನನಗೂ ಹೀಗೇ ಆಯಿತು. ಮೊದಲ ರೆಸ್ಪಾನ್ಸ್‌ನಲ್ಲಿ ಮೂರು ಚಾಪ್ಟರಿನ ಕಥೆಯನ್ನು ಒಂದು ಘಟನೆಯೂ ಬಿಡದೆ ಬರೆದು, ಕೊನೆಗೆ ‘ಇದರಿಂದ ತಿಳಿಯುವ ನೀತಿ’ ಅಂತ ನಾಲ್ಕು ಸಾಲು ಸೇರಿಸಿದ್ದೆ. ಪೇಪರ್ ವಾಪಸ್ ಬಂದಾಗ ಪಕ್ಕದಲ್ಲಿ ಹಸಿರು ಇಂಕಿನಲ್ಲಿ ಒಂದೇ ಪ್ರಶ್ನೆ ಇತ್ತು: ‘ಇದರಲ್ಲಿ ನೀನು ಎಲ್ಲಿದ್ದೀಯ?’ ನನಗೆ ಅರ್ಥವೇ ಆಗಲಿಲ್ಲ. ಬಾತ್‌ರೂಮಿಗೆ ಹೋಗಿ ಅತ್ತೆ. ಈಗ ನಾನೇ ಹೈಸ್ಕೂಲಿನಲ್ಲಿ ಒಂಬತ್ತನೇ ಕ್ಲಾಸಿಗೆ ಇಂಗ್ಲಿಷ್ ಕಲಿಸುತ್ತೇನೆ, ಹದಿನಾಲ್ಕು ವರ್ಷವಾಯಿತು. ನಿಮ್ಮ ಮಗಳಂಥ ಮಕ್ಕಳು ನನ್ನ ಕ್ಲಾಸಿಗೆ ಬರುತ್ತಲೇ ಇರುತ್ತಾರೆ, ಹಾಗಾಗಿ ಅವಳ ಸಂಕಟ ನನಗೆ ಗೊತ್ತು.

ನಮ್ಮಲ್ಲಿ ಪಾಠ ಅರ್ಥವಾಗಿದೆ ಎಂದು ತೋರಿಸುವುದಕ್ಕೆ ಉತ್ತರ ಬರೆಯುತ್ತೇವೆ. ಇಲ್ಲಿ ಓದಿದ್ದಾಳೆ, ಅರ್ಥವಾಗಿದೆ ಎಂದು ಟೀಚರ್ ಮೊದಲೇ ಒಪ್ಪಿಕೊಂಡು ಮುಂದಿನದನ್ನು ಕೇಳುತ್ತಾರೆ. ಯಾವ ಜಾಗದಲ್ಲಿ ನಿನಗೆ ನಿಲ್ಲಬೇಕು ಅನ್ನಿಸಿತು? ಯಾಕೆ? ಅಲ್ಲಿ ಲೇಖಕಿ ಏನು ಮಾಡಿದ್ದರಿಂದ ಹಾಗನ್ನಿಸಿತು? ಈ ಪದ್ಧತಿಗೆ ಹಳೆಯ ಬೇರು ಇದೆ. ಲೂಯಿಸ್ ರೋಸೆನ್‌ಬ್ಲಾಟ್ ಎಂಬ ಅಧ್ಯಾಪಕಿ 1938ರಲ್ಲೇ ಒಂದು ಪುಸ್ತಕ ಬರೆದು, ಸಾಹಿತ್ಯದ ಅರ್ಥ ಪುಟದಲ್ಲಿ ಮಾತ್ರ ಇರುವುದಿಲ್ಲ, ಓದುವವರು ಮತ್ತು ಪುಟ ಸೇರಿದಾಗ ಹುಟ್ಟುತ್ತದೆ ಎಂದು ವಾದಿಸಿದ್ದರು. ಇವತ್ತಿನ ರೆಸ್ಪಾನ್ಸ್ ಜರ್ನಲ್‌ಗಳ ಹಿಂದೆ ಆ ವಿಚಾರವಿದೆ.

ಇದು ನಿಮ್ಮ ಮಗಳಿಗೆ ಹೊಸದೇನಲ್ಲ ಅನ್ನೋದು ನನ್ನ ಬಲವಾದ ನಂಬಿಕೆ. ಕನ್ನಡ ಪೇಪರಿನಲ್ಲಿ ‘ಸಂದರ್ಭದೊಂದಿಗೆ ಸ್ವಾರಸ್ಯ ವಿವರಿಸಿ’ ಅಂತ ಬರುತ್ತಿತ್ತಲ್ಲ, ನೆನಪಿದೆಯಾ? ಒಂದು ಸಾಲು ಕೊಡುತ್ತಾರೆ. ಆಯ್ಕೆ, ಸಂದರ್ಭ, ಸ್ವಾರಸ್ಯ ಅಂತ ಮೂರು ಭಾಗ ಮಾಡಿ ಬರೆಯಬೇಕು. ಆಯ್ಕೆ ಮತ್ತು ಸಂದರ್ಭವನ್ನು ನಾವೆಲ್ಲ ಚಾಚೂ ತಪ್ಪದೆ ಬರೆಯುತ್ತಿದ್ದೆವು. ಸ್ವಾರಸ್ಯಕ್ಕೆ ಬಂದಾಗ ಗೈಡಿನಲ್ಲಿದ್ದ ಒಂದು ವಾಕ್ಯ ಹಾಕಿ ಮುಗಿಸುತ್ತಿದ್ದೆವು, ಯಾಕಂದ್ರೆ ಟೈಮ್ ಇರುತ್ತಿರಲಿಲ್ಲ, ಯಾರೂ ಅದನ್ನು ಬಾಯಿಬಿಟ್ಟು ಕೇಳಿಯೂ ಇರಲಿಲ್ಲ. ಇಲ್ಲಿನ ಟೀಚರ್ ಕೇಳುತ್ತಿರುವುದು ಆ ಮೂರನೇ ಭಾಗವನ್ನೇ. ಸಂದರ್ಭ ಎರಡು ಸಾಲಿನಲ್ಲಿ ಮುಗಿಯಲಿ, ಉಳಿದ ಪುಟವೆಲ್ಲ ಸ್ವಾರಸ್ಯ. ಹೀಗೆ ಹೇಳಿದರೆ ಅವಳಿಗೆ ತಟ್ಟನೆ ಹೊಳೆಯುತ್ತದೆ ನೋಡಿ.

ಅವಳು ಓದುತ್ತಿರುವ ಪುಸ್ತಕದಿಂದಲೇ ಒಂದು ಜಾಗ ತೋರಿಸುತ್ತೇನೆ. ಕಥೆ ನಡೆಯುವುದು 1930ರ ದಶಕದಲ್ಲಿ, ಅಮೆರಿಕದ ದಕ್ಷಿಣದ ಅಲಬಾಮಾ ರಾಜ್ಯದ ಒಂದು ಕಲ್ಪಿತ ಊರಿನಲ್ಲಿ. ಹೇಳುವವಳು ಸ್ಕೌಟ್ ಎಂಬ ಹುಡುಗಿ, ಅವಳ ಅಣ್ಣ ಜೆಮ್. ಅದೇ ಬೀದಿಯ ರ‍್ಯಾಡ್ಲಿ ಮನೆಯ ಅಂಚಿನಲ್ಲಿ ಒಂದು ಓಕ್ ಮರ, ಅದರ ಪೊಟರೆಯಲ್ಲಿ ಯಾರೋ ಈ ಮಕ್ಕಳಿಗಾಗಿ ಚೂಯಿಂಗ್ ಗಮ್, ಹಳೆಯ ನಾಣ್ಯ, ಸೋಪಿನಲ್ಲಿ ಕೆತ್ತಿದ ಎರಡು ಗೊಂಬೆ ಇಡುತ್ತಿರುತ್ತಾರೆ. ಗೊಂಬೆಗಳು ಥೇಟ್ ಇವರಿಬ್ಬರ ಹಾಗೇ ಇವೆ. ಮಕ್ಕಳು ಥ್ಯಾಂಕ್ಸ್ ಹೇಳಿ ಚೀಟಿ ಬರೆದು ಇಡಲು ಹೋದರೆ ಪೊಟರೆಗೆ ಸಿಮೆಂಟ್ ಮೆತ್ತಿದೆ. ಮೆತ್ತಿದ್ದು ಆ ಮನೆಯ ನೇಥನ್ ರ‍್ಯಾಡ್ಲಿ. ಮರಕ್ಕೆ ರೋಗ ಬಂದಿದೆ, ಅದಕ್ಕೇ ಮುಚ್ಚಿದೆ ಅನ್ನುತ್ತಾನೆ. ಜೆಮ್ ಹೋಗಿ ಅಪ್ಪನನ್ನು ಕೇಳುತ್ತಾನೆ. ಎಲೆ ನೋಡು, ಎಷ್ಟು ಹಸಿರಾಗಿವೆ, ಮರ ಗಟ್ಟಿಯಾಗಿದೆ ಅನ್ನುತ್ತಾನೆ ಅಪ್ಪ. ಜೆಮ್ ಕತ್ತಲಾಗುವವರೆಗೂ ಜಗಲಿಯಲ್ಲಿ ನಿಂತಿರುತ್ತಾನೆ. ಒಳಗೆ ಬಂದಾಗ ಅವನ ಮುಖ ನೋಡಿ, ಇವನು ಅತ್ತಿದ್ದಾನೆ ಅಂತ ಸ್ಕೌಟ್‌ಗೆ ಗೊತ್ತಾಗುತ್ತದೆ. ಆದರೆ ತನಗೆ ಸದ್ದೇ ಕೇಳಲಿಲ್ಲವಲ್ಲ ಎಂದು ಅವಳಿಗೆ ಆಶ್ಚರ್ಯ. ಏಳನೇ ಚಾಪ್ಟರ್ ಅಲ್ಲಿಗೇ ಮುಗಿಯುತ್ತದೆ.

ನಿಮ್ಮ ಮಗಳು ಬಹುಶಃ ಇದನ್ನೆಲ್ಲ ನಾನು ಬರೆದ ಹಾಗೇ ಬರೆದು, ‘ಜೆಮ್‌ಗೆ ದುಃಖವಾಯಿತು’ ಅಂತ ಮುಗಿಸುತ್ತಾಳೆ. ನನ್ನ ಕ್ಲಾಸಿನಲ್ಲಿ ತುಂಬಾ ಮಾತಾಡದ ಒಬ್ಬ ಹುಡುಗ ಇದೇ ಜಾಗದ ಬಗ್ಗೆ ಅರ್ಧ ಪುಟ ಬರೆದಿದ್ದ. ಅವನು ಹಿಡಿದಿದ್ದು ಆ ಸದ್ದಿಲ್ಲದ ಅಳುವನ್ನು. ಜೆಮ್ ಅತ್ತಿದ್ದು ನಮಗೆ ಕಾಣಿಸುವುದೇ ಇಲ್ಲ, ಅತ್ತಾದ ಮೇಲಿನ ಮುಖ ಮಾತ್ರ ಕಾಣಿಸುತ್ತದೆ, ಯಾಕಂದ್ರೆ ಕಥೆ ಹೇಳುತ್ತಿರುವವಳು ಚಿಕ್ಕವಳು, ಅವಳಿಗೆ ಇನ್ನೂ ಅರ್ಥವಾಗಿಲ್ಲ. ಜೆಮ್‌ಗೆ ಅರ್ಥವಾಗಿದೆ, ದೊಡ್ಡವರು ಎದುರಿಗೇ ಸುಳ್ಳು ಹೇಳಬಲ್ಲರು ಅಂತ ಅವತ್ತು ತಿಳಿಯಿತು, ಅಣ್ಣ ತಂಗಿ ಬೇರೆಯಾಗಿದ್ದು ಇಲ್ಲೇ ಅಂತ ಬರೆದಿದ್ದ. ಕೊನೆಗೆ ಒಂದು ಸಾಲು: ನಮ್ಮಪ್ಪ ಮನೆ ಬಿಟ್ಟು ಹೋದ ವರ್ಷ ನಾನೂ ಹೀಗೇ ಅಳುತ್ತಿದ್ದೆ, ತಮ್ಮನಿಗೆ ಕೇಳಿಸಬಾರದು ಅಂತ. ನಾನು ಅದಕ್ಕೆ ಎ ಕೊಟ್ಟೆ. ಅವನ ಗ್ರಾಮರ್ ನಿಮ್ಮ ಮಗಳಷ್ಟು ಚೆನ್ನಾಗಿರಲಿಲ್ಲ.

ಅವನ ಬರಹದಲ್ಲಿ ಸ್ವಂತ ಜೀವನ ಒಂದೇ ಸಾಲು ಬಂದಿದೆ, ಅದೂ ಪುಸ್ತಕದ ಮಾತು ಆದಮೇಲೆ, ಗಮನಿಸಿ. ‘ನಿನಗೇನನ್ನಿಸಿತು’ ಅಂದರೆ ಸುಮ್ನೆ ತಮ್ಮ ಕಥೆ ಹೇಳಿಕೊಳ್ಳುವುದು ಅಂತ ಕೆಲವು ಮಕ್ಕಳು ಅಂದುಕೊಳ್ಳುತ್ತಾರೆ. ಪುಸ್ತಕದಿಂದ ಹೊರಟು ತಮ್ಮ ಬದುಕಿಗೆ ಹೋದರೆ ಮತ್ತೆ ಪುಸ್ತಕಕ್ಕೆ ವಾಪಸ್ ಬರಬೇಕು. ಮುಂದೆ ಹದಿನಾರನೇ ಚಾಪ್ಟರಿನಲ್ಲಿ ಕೋರ್ಟಿನ ದೃಶ್ಯ ಬರುತ್ತದೆ. ಕರಿಯ ಜನ ಮೇಲಿನ ಬಾಲ್ಕನಿಯಲ್ಲಿ ಕೂರಬೇಕು. ಕೆಳಗೆ ಜಾಗವಿಲ್ಲದೆ ಈ ಬಿಳಿಯ ಮಕ್ಕಳು ಮೇಲೆ ಹೋದಾಗ ಮುಂದಿನ ಸಾಲಿನಲ್ಲಿದ್ದ ನಾಲ್ಕು ಜನ ಎದ್ದು ತಮ್ಮ ಜಾಗ ಬಿಟ್ಟುಕೊಡುತ್ತಾರೆ. ಸ್ಕೌಟ್ ಅದನ್ನು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋಗಿಬಿಡುತ್ತಾಳೆ. ನಾನು ಹುಡುಗಿಯಾಗಿ ಇದನ್ನು ಓದಿದಾಗ ನಮ್ಮಜ್ಜಿ ಊರಿನ ಹೋಟೆಲಿನಲ್ಲಿ ಕೆಲವರಿಗೆ ಮಾತ್ರ ಬೇರೆ ಲೋಟ ಇಡುತ್ತಿದ್ದುದು ನೆನಪಾಯಿತು. ಅಲ್ಲಿ ಕೂತು ಕಾಫಿ ಕುಡಿಯುವಾಗ ನಾನೂ ಸ್ಕೌಟ್ ಥರ ಅದನ್ನು ನೋಡಿಯೂ ನೋಡದೆ ಇದ್ದೆ. ಲೋಟದ ವಿಷಯ ಬರೆದು ಅಲ್ಲಿಗೇ ನಿಲ್ಲಿಸಿದ್ದರೆ ಅದು ನನ್ನ ನೆನಪು ಅಷ್ಟೇ ಆಗುತ್ತಿತ್ತು. ಸ್ಕೌಟ್ ಯಾಕೆ ಒಂದೇ ವಾಕ್ಯದಲ್ಲಿ ಅದನ್ನು ದಾಟಿಬಿಟ್ಟಳು ಎಂದು ಕೇಳಿಕೊಂಡಾಗಲೇ ನನಗೆ ಬರೆಯಲು ವಿಷಯ ಸಿಕ್ಕಿದ್ದು. ಹಸಿರು ಇಂಕಿನ ಪ್ರಶ್ನೆಗೆ ನಾನು ಉತ್ತರ ಕೊಟ್ಟಿದ್ದು ಆ ರೆಸ್ಪಾನ್ಸ್‌ನಲ್ಲಿ.

ಇನ್ನು ಕೈಗೆ ಬರುವ ಕೆಲಸದ ಮಾತು. ಪುಸ್ತಕ ಸ್ಕೂಲಿನದಾದ್ದರಿಂದ ಅದರಲ್ಲಿ ಗೀಚುವ ಹಾಗಿಲ್ಲ, ಒಂದು ಕಟ್ಟು ಸ್ಟಿಕಿ ನೋಟ್ ತಂದುಕೊಡಿ. ಓದುವಾಗ ‘ಅರೆ’ ಅನ್ನಿಸಿದ ಜಾಗಕ್ಕೆಲ್ಲ ಒಂದು ಅಂಟಿಸಲಿ, ಅದರ ಮೇಲೆ ಕನ್ನಡದಲ್ಲೇ ಎರಡು ಪದ ಬರೆದುಕೊಳ್ಳಲಿ, ತೊಂದರೆಯಿಲ್ಲ. ಬರೆಯುವ ದಿನ ಅವುಗಳಲ್ಲಿ ಒಂದನ್ನೇ ಆರಿಸಿ, ನೋಟ್‌ಬುಕ್ಕಿನ ಎಡಗಡೆ ಪುಸ್ತಕದ ಆ ಸಾಲು, ಬಲಗಡೆ ತನ್ನ ಮಾತು. ಉದ್ದ ಕೊಟೇಷನ್ ಬೇಡ, ನಾಲ್ಕೈದು ಪದ ಸಾಕು, ಪುಟದ ನಂಬರ್ ಜೊತೆಗೆ. ಕಾದಂಬರಿಯಲ್ಲಿ ನಡೆಯುವುದನ್ನು ಇಲ್ಲಿ ವರ್ತಮಾನ ಕಾಲದಲ್ಲಿ ಬರೆಯುತ್ತಾರೆ: ಜೆಮ್ ‘ನಿಂತನು’ ಅಲ್ಲ, ‘ನಿಲ್ಲುತ್ತಾನೆ’. ಇದನ್ನು ಯಾರೂ ಹೇಳಿಕೊಡುವುದಿಲ್ಲ, ಆದರೆ ಮಾರ್ಕ್ಸ್ ಕಳೆಯುತ್ತಾರೆ. ಸಾರಾಂಶ ಕೊಡುವ ವೆಬ್‌ಸೈಟ್ ಆಗಲಿ ಎಐ ಆಗಲಿ ಮೊದಲು ತೆರೆಯಬೇಡಿ, ಮೊದಲೇ ಬೇರೆಯವರ ಅಭಿಪ್ರಾಯ ಓದಿಬಿಟ್ಟರೆ ಅವಳಿಗೆ ತನ್ನದು ಯಾವುದು ಅಂತಲೇ ತಿಳಿಯುವುದಿಲ್ಲ.

ಇನ್ನೊಂದು ವಿಷಯ ನಿಮಗೆ ಮೊದಲೇ ಗೊತ್ತಿರಲಿ. ಈ ಕಾದಂಬರಿ 1960ರದು, ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಬಂತು. ಕರಿಯರನ್ನು ಅವಮಾನಿಸುವ ಒಂದು ಕೆಟ್ಟ ಪದ ಇದರಲ್ಲಿ ಮತ್ತೆ ಮತ್ತೆ ಬರುತ್ತದೆ. ಆ ಕಾರಣಕ್ಕೆ ಜಗಳಗಳಾಗಿವೆ, 2017ರಲ್ಲಿ ಮಿಸಿಸಿಪ್ಪಿಯ ಬಿಲಾಕ್ಸಿಯಲ್ಲಿ ಎಂಟನೇ ಕ್ಲಾಸಿನ ಪಾಠದಿಂದ ಇದನ್ನು ತೆಗೆದಿದ್ದರು. ಆ ಪದವನ್ನು ಅವಳು ಕ್ಲಾಸಿನಲ್ಲಿ ಜೋರಾಗಿ ಓದುವುದೂ ಬೇಡ, ಬರೆಯುವುದೂ ಬೇಡ. ತಪ್ಪೇ ಮಾಡದೆ ಕಟಕಟೆ ಹತ್ತುವ ಕರಿಯ ಟಾಮ್ ರಾಬಿನ್‌ಸನ್‌ಗೆ ಈ ಪುಸ್ತಕದಲ್ಲಿ ಮಾತೇ ಕಡಿಮೆ, ಎಲ್ಲವನ್ನೂ ಅವನ ಪರ ವಾದಿಸುವ ಬಿಳಿಯ ವಕೀಲನ, ಅಂದರೆ ಸ್ಕೌಟ್ ಅಪ್ಪನ, ಮನೆಯಿಂದಲೇ ನೋಡುತ್ತೇವೆ ಎಂಬ ಆಕ್ಷೇಪವೂ ಇದೆ, ನನಗೆ ಅದು ಸರಿ ಅನ್ನಿಸುತ್ತದೆ. ಅವಳಿಗೂ ಹಾಗನ್ನಿಸಿದರೆ ಧೈರ್ಯವಾಗಿ ಬರೆಯಲಿ. ಪಠ್ಯಪುಸ್ತಕದ ಜೊತೆ ಜಗಳವಾಡಬಹುದು ಅನ್ನೋದೇ ನಮ್ಮ ಮಕ್ಕಳಿಗೆ ಗೊತ್ತಿರುವುದಿಲ್ಲ, ಯಾರಾದರೂ ಹೇಳಬೇಕು.

ನಿಮಗೆ ಇಂಗ್ಲಿಷ್ ಅಷ್ಟು ಬರಲ್ಲ, ಸಹಾಯ ಮಾಡೋಕಾಗಲ್ಲ ಅಂತ ಬೇಜಾರು ಮಾಡಿಕೊಂಡಿದ್ದೀರಿ. ದಯವಿಟ್ಟು ಹಾಗಂದುಕೊಳ್ಳಬೇಡಿ. ನಮ್ಮಮ್ಮ ಆ ಪುಸ್ತಕದ ಒಂದು ಪುಟವನ್ನೂ ಓದಿದವರಲ್ಲ. ರಾತ್ರಿ ಚಪಾತಿ ಲಟ್ಟಿಸುತ್ತಾ ‘ಆಮೇಲೆ ಆ ಹುಡುಗ ಏನು ಮಾಡಿದ?’, ‘ಯಾಕೆ ಹಾಗೆ ಮಾಡಿದ?’ ಅಂತ ಕೇಳುತ್ತಿದ್ದರು. ಆ ‘ಯಾಕೆ’ಗೆ ಕನ್ನಡದಲ್ಲಿ ಉತ್ತರ ಹುಡುಕಿ ಹುಡುಕಿ, ಆಮೇಲೆ ರೂಮಿಗೆ ಹೋಗಿ ಅದನ್ನೇ ಇಂಗ್ಲಿಷಿನಲ್ಲಿ ಬರೆಯುತ್ತಿದ್ದೆ.

ಈ ವಾರ ಏಳನೇ ಚಾಪ್ಟರ್ ತನಕ ಓದಬೇಕು ಅಂದಿದ್ದೀರಲ್ವಾ. ಅವಳು ಮುಗಿಸಿದ ಮೇಲೆ ಊಟಕ್ಕೆ ಕೂತಾಗ ಕೇಳಿ ನೋಡಿ, ಜೆಮ್ ಯಾಕೆ ಸದ್ದು ಮಾಡದೆ ಅತ್ತ ಅಂತ. ಅವಳು ಏನಂದಳು ಎಂದು ಇಲ್ಲಿ ಬರೆಯಿರಿ, ನಾನು ಕಾಯುತ್ತಿರುತ್ತೇನೆ.